ನಡುವಿನ ಭಾಗ ಬಿಟ್ಟು ಮೂರನೆಯದಕ್ಕೆ ಹೋಗಬಹುದಾ?

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯುಸಿ. ಐದಾರು ಜನ ಜೊತೆಗಾರರು ಒಂದು ವಸ್ತುವನ್ನು ಹುಡುಕಿಕೊಂಡು ಹೊರಡುವ ಫ್ಯಾಂಟಸಿ ಓದುತ್ತಿದ್ದೇನೆ, ಮೂರು ಭಾಗ. ಚರ್ಚ್ ಸ್ಟ್ರೀಟ್‌ನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದನೆಯದೂ ಮೂರನೆಯದೂ ಸಿಕ್ಕಿತು, ಎರಡನೆಯದು ಸಿಗಲಿಲ್ಲ. ಒಂದನೆಯದು ಮುಗಿಯಿತು. ‘ನಡುವಿನದು ಬರೀ ಎಳೆದಿರೋದು, ಬಿಟ್ಟರೂ ನಡೆಯುತ್ತೆ’ ಅಂತ ಎಲ್ಲರೂ ಹೇಳ್ತಾರೆ. ಬಿಡಬಹುದಾ?

ಉತ್ತರ: ಬೇಡ. ಎರಡನೆಯದು ಸಿಗುವ ತನಕ ಮೂರನೆಯದನ್ನು ಬೀರುವಿನ ಮೇಲೆ ಎತ್ತಿಟ್ಟುಬಿಡಿ.

ಪುಸ್ತಕದ ಹೆಸರು ನೀವು ಬರೆದಿಲ್ಲ. ಬರೆದಿದ್ದರೂ ಉತ್ತರ ಇದೇ ಆಗಿರುತ್ತಿತ್ತು. ಇದೇ ಪ್ರಶ್ನೆ ಜಯನಗರದಿಂದಲೂ ಬರುತ್ತದೆ, ಯಲಹಂಕದಿಂದಲೂ ಬರುತ್ತದೆ. ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಇನ್ನೂ ಹೆಚ್ಚು. ಪ್ರತಿ ಸಲ ಒಂದೇ ಸಾಲಿನಲ್ಲಿ ‘ಬಿಡಬೇಡಿ’ ಅಂದಿದ್ದೇನೆ, ಪ್ರತಿ ಸಲ ‘ಆದರೆ ಎಲ್ಲರೂ ಹೇಳ್ತಾರಲ್ಲ’ ಎಂಬ ಮರುಮಾತು ಬಂದಿದೆ. ಆದ್ದರಿಂದ ಈ ಸಲ ಆ ‘ಎಲ್ಲರೂ’ ಹೇಳುವ ಮಾತನ್ನೇ ಬಿಡಿಸಿ ನೋಡೋಣ.

ಆ ಮಾತಿನ ಪ್ರಕಾರ ಮೊದಲ ಭಾಗದಲ್ಲಿ ಜೊತೆಗಾರರು ಒಂದುಗೂಡಿ ಹೊರಡುತ್ತಾರೆ. ಮೂರನೆಯದರಲ್ಲಿ ಯುದ್ಧವಾಗಿ ಕಥೆ ಮುಗಿಯುತ್ತದೆ. ನಡುವಿನದರಲ್ಲಿ ಸುಮ್ಮನೆ ನಡೆಯುತ್ತಿರುತ್ತಾರೆ. ಕೇಳಲು ಸರಿಯೆನಿಸುತ್ತದೆ, ಪುಸ್ತಕ ಬಿಚ್ಚಿದರೆ ನಿಲ್ಲುವುದಿಲ್ಲ.

ಎಲ್ಲರಿಗೂ ಗೊತ್ತಿರುವ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನೇ ತೆಗೆದುಕೊಳ್ಳಿ. ಟೋಲ್ಕಿನ್ ಅದನ್ನು ಹದಿಹರೆಯದವರಿಗೆಂದೇ ಬರೆದವರಲ್ಲ. ಆದರೆ ಗುಂಪು ಕಟ್ಟಿಕೊಂಡು ಹೊರಡುವ ಇಂದಿನ ಕಾದಂಬರಿಗಳಲ್ಲಿ ಅದರ ಋಣವಿಲ್ಲದವು ಕಡಿಮೆ. ಮೊದಲು ತಿಳಿಯಬೇಕಾದದ್ದು, ಅವರು ಬರೆದದ್ದು ಒಂದೇ ಕಾದಂಬರಿ, ಒಳಗೆ ಆರು ಪುಸ್ತಕಗಳು. ಎರಡನೇ ಮಹಾಯುದ್ಧದ ನಂತರ ಕಾಗದ ದುಬಾರಿಯಾಗಿದ್ದ ಕಾಲ ಅದು. ಅಷ್ಟು ದಪ್ಪದ ಪುಸ್ತಕವನ್ನು ಒಂದೇ ಏಟಿಗೆ ಅಚ್ಚು ಹಾಕಿ ಕೈಸುಟ್ಟುಕೊಳ್ಳಲು ಪ್ರಕಾಶಕರು ತಯಾರಿರಲಿಲ್ಲ. ಹಾಗಾಗಿ ಎರಡೆರಡು ಪುಸ್ತಕಗಳನ್ನು ಒಂದೊಂದು ಸಂಪುಟಕ್ಕೆ ಸೇರಿಸಿ 1954ರ ಜುಲೈ, 1954ರ ನವೆಂಬರ್, 1955ರ ಅಕ್ಟೋಬರ್‌ನಲ್ಲಿ ಹೊರತಂದರು. ಅಂದರೆ ‘ಎರಡನೇ ಭಾಗ’ ಬಿಡುವವರು ಒಂದೇ ಕಾದಂಬರಿಯ ಹೊಟ್ಟೆಯಿಂದ ಮೂರು ಮತ್ತು ನಾಲ್ಕನೆಯ ಪುಸ್ತಕಗಳನ್ನು ಕಿತ್ತು ಓದುತ್ತಿರುತ್ತಾರೆ.

ಈಗ ನಿಜಕ್ಕೂ ಬಿಟ್ಟೇ ನೋಡೋಣ. ಕೇಡಿನ ಉಂಗುರವೊಂದನ್ನು ನಾಶಮಾಡಲು ಹೊರಟವರು ಒಂಬತ್ತು ಜನ. ಮೊದಲ ಸಂಪುಟದಲ್ಲಿ ಮೋರಿಯಾದ ಗಣಿಯ ಸೇತುವೆಯಿಂದ ಅವರಲ್ಲೊಬ್ಬನಾದ ಮಾಂತ್ರಿಕ ಗ್ಯಾಂಡಾಲ್ಫ್ ಪಾತಾಳಕ್ಕೆ ಬೀಳುತ್ತಾನೆ. ಉಳಿದವರು ಅಳುತ್ತಲೇ ಹೊರಬೀಳುತ್ತಾರೆ. ಮೂರನೆಯ ಸಂಪುಟ ತೆರೆದರೆ ಅದೇ ಗ್ಯಾಂಡಾಲ್ಫ್ ಕುದುರೆಯ ಮೇಲೆ ರಾತ್ರಿಯಿಡೀ ಸವಾರಿ ಮಾಡುತ್ತಿದ್ದಾನೆ, ಅವನ ನಿಲುವಂಗಿಯ ಮರೆಯಲ್ಲಿ ಜೊತೆಗಾರ ಪಿಪ್ಪಿನ್ ಕೂತಿದ್ದಾನೆ. ಸತ್ತವನು ಹೇಗೆ ಬಂದ, ಯಾವಾಗ ಬಂದ? ಉತ್ತರ ನೀವು ಬಿಟ್ಟ ಸಂಪುಟದಲ್ಲಿದೆ. ಮೊದಲ ಸಂಪುಟ ಮುಗಿದಾಗ ಒಂಬತ್ತು ಜನರಲ್ಲಿ ಇನ್ನೊಬ್ಬನಾದ ಬೊರೊಮಿರ್ ಬದುಕಿದ್ದಾನೆ. ಮೂರನೆಯದರ ಮೊದಲ ಅಧ್ಯಾಯದಲ್ಲೇ ಅವನ ತಂದೆಯ ಕೈಯಲ್ಲಿ ಮಗನ ಕೊಂಬು ಎರಡು ಹೋಳಾಗಿ ಕಾಣುತ್ತದೆ. ಅವನ ಸಾವನ್ನು ನೋಡದೆ ಆ ಮುದುಕನ ಸಿಟ್ಟನ್ನೂ ದುಃಖವನ್ನೂ ಅರ್ಥ ಮಾಡಿಕೊಳ್ಳುವುದು ಹೇಗೆ?

ಇವೆಲ್ಲ ಘಟನೆಗಳು. ಘಟನೆಗಳನ್ನು ಯಾರಾದರೂ ಐದು ನಿಮಿಷದಲ್ಲಿ ಹೇಳಿಕೊಟ್ಟಾರು. ಹೇಳಿಕೊಡಲಾಗದ್ದು ಸ್ನೇಹ. ಜೊತೆಗಾರರಲ್ಲಿ ಲೆಗೊಲಾಸ್ ಎಲ್ಫ್, ಅಂದರೆ ಸಾವಿಲ್ಲದ ಕುಲದವನು. ಗಿಮ್ಲಿ ಡ್ವಾರ್ಫ್, ಅಂದರೆ ಗಣಿ ತೋಡುವ ಕುಳ್ಳರ ಕುಲದವನು. ಎರಡೂ ಕುಲಗಳಿಗೆ ಹಳೆಯ ಹಗೆ, ಮೊದಲ ಸಂಪುಟದಲ್ಲಿ ಇಬ್ಬರೂ ಮುಖ ಕೊಟ್ಟು ಮಾತಾಡುವುದಕ್ಕೇ ಬಹಳ ಹೊತ್ತು ಬೇಕಾಗುತ್ತದೆ. ಎರಡನೆಯದರಲ್ಲಿ, ಹೆಲ್ಮ್ಸ್ ಡೀಪ್ ಕೋಟೆಯ ಕಾಳಗದ ರಾತ್ರಿ, ಯಾರು ಹೆಚ್ಚು ಶತ್ರುಗಳನ್ನು ಕೆಡವಿದರು ಎಂದು ಇಬ್ಬರೂ ಲೆಕ್ಕ ಇಡುತ್ತಾರೆ. ಬೆಳಗ್ಗೆ ನೋಡಿದರೆ ಲೆಗೊಲಾಸ್‌ನದು 41, ಗಿಮ್ಲಿಯದು 42. ಆಮೇಲೆ ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ: ಬದುಕಿ ಉಳಿದರೆ ನಿನ್ನ ಗುಹೆಗಳನ್ನು ನಾನು ನೋಡುತ್ತೇನೆ, ನನ್ನ ಕಾಡನ್ನು ನೀನು ನೋಡಬೇಕು. ಮೂರನೆಯ ಸಂಪುಟದ ಕೊನೆಯಲ್ಲಿ ಎಲ್ಲರೂ ಊರಿನ ದಾರಿ ಹಿಡಿದಾಗ ಇವರಿಬ್ಬರು ಆ ಮಾತು ಉಳಿಸಿಕೊಳ್ಳುತ್ತಾರೆ. ಕೊಟ್ಟ ಮಾತನ್ನು ಕೇಳದವರಿಗೆ ಅದು ಪ್ರವಾಸದ ಒಂದು ವಿವರವಾಗಿ ಕಂಡು ಹೋಗುತ್ತದೆ. ಕೇಳಿದವರಿಗೆ ಕಣ್ಣು ತುಂಬುತ್ತದೆ. ಹಿಂದೆ ಆ ಉಂಗುರ ಇಟ್ಟುಕೊಂಡಿದ್ದ ಗೊಲ್ಲಮ್‌ನನ್ನು ಕಂಡಾಗ, ಈಗ ಅದನ್ನು ಹೊತ್ತಿರುವ ಫ್ರೋಡೋ ಏನು ಮಾಡುತ್ತಾನೆ ಎಂಬುದೂ ಎರಡನೆಯ ಸಂಪುಟದ್ದೇ. ಇಡೀ ಕಥೆಯ ಅಂತ್ಯ ಅದರ ಮೇಲೆ ನಿಂತಿದೆ. ಇದಕ್ಕಿಂತ ಹೆಚ್ಚು ಹೇಳಲಾರೆ, ಓದುವ ಹಕ್ಕು ನಿಮ್ಮದು.

‘ಎರಡನೆಯದರ ಸಿನಿಮಾ ನೋಡಿಬಿಡ್ತೀನಿ ಮೇಡಂ’ ಅನ್ನುವವರಿಗೂ ಇಲ್ಲೇ ಉತ್ತರಿಸುತ್ತೇನೆ. 2002ರಲ್ಲಿ ಬಂದ ಎರಡನೆಯ ಸಿನಿಮಾ ಬೇರೆ, ಎರಡನೆಯ ಸಂಪುಟ ಬೇರೆ. ಬೊರೊಮಿರ್‌ನ ಸಾವನ್ನು ಮೊದಲ ಸಿನಿಮಾದ ಕೊನೆಗೆ ತಂದರು. ಸಂಪುಟದ ಕೊನೆಯಲ್ಲಿರುವ ಶೆಲೋಬ್ ಎಂಬ ದೈತ್ಯ ಜೇಡವನ್ನು ಮೂರನೆಯ ಸಿನಿಮಾಕ್ಕೆ ದಾಟಿಸಿದರು. ಸಿನಿಮಾ ನೋಡಿ, ಖಂಡಿತ ನೋಡಿ. ಅದರಿಂದ ಪುಸ್ತಕದ ಖಾಲಿ ಜಾಗ ತುಂಬಿತು ಅಂದುಕೊಳ್ಳಬೇಡಿ.

ಹಾಗಾದರೆ ನಡುವಿನ ಭಾಗ ಎಳೆದಂತೆ ಏಕೆ ಅನಿಸುತ್ತದೆ? ಅನಿಸುವುದು ನಿಜ, ಅದಕ್ಕೆ ಕಾರಣವೂ ಇದೆ. ಒಳ್ಳೆಯ ಲೇಖಕರು ಎರಡನೆಯ ಭಾಗದಲ್ಲಿ ಜೊತೆಗಾರರನ್ನು ಬೇರ್ಪಡಿಸುತ್ತಾರೆ. ಮೊದಲ ಭಾಗದಲ್ಲಿ ಎಲ್ಲರೂ ಒಟ್ಟಿಗಿದ್ದರು, ಅಪಾಯ ಹೊರಗಿನಿಂದ ಬರುತ್ತಿತ್ತು, ಒಬ್ಬ ಎಡವಿದರೆ ಇನ್ನೊಬ್ಬ ಹಿಡಿಯುತ್ತಿದ್ದ. ಈಗ ಒಬ್ಬೊಬ್ಬರೂ ಒಂಟಿ. ಯಾರೂ ನೋಡದಿರುವಾಗ, ಓಡಿಹೋದರೂ ಕೇಳುವವರಿಲ್ಲದಿರುವಾಗ ಇವಳು ಏನು ಮಾಡುತ್ತಾಳೆ, ಇವನು ಏನು ಮಾಡುತ್ತಾನೆ ಎಂಬುದು ಆಗ ಗೊತ್ತಾಗುತ್ತದೆ. ಟೋಲ್ಕಿನ್ನರ ಎರಡನೆಯ ಸಂಪುಟದ ಮೊದಲರ್ಧದಲ್ಲಿ ಫ್ರೋಡೋ ಕಾಣಿಸಿಕೊಳ್ಳುವುದೇ ಇಲ್ಲ, ಎರಡನೆಯರ್ಧದಲ್ಲಿ ಇನ್ನೊಬ್ಬ ಮುಖ್ಯ ಜೊತೆಗಾರ ಅರಗಾರ್ನ್ ಇಲ್ಲ. ನಿಮಗೆ ಇಷ್ಟದ ಪಾತ್ರ ಇನ್ನೂರು ಪುಟ ಕಣ್ಣಿಗೆ ಬೀಳದಿದ್ದರೆ ಪುಟ ಸರಿಯುವುದಿಲ್ಲ. ಅದನ್ನು ನೀವು ಬೇಸರ ಅಂದುಕೊಳ್ಳುತ್ತೀರಿ. ಅದು ಆತಂಕ, ಗೆಳೆಯ ಎಲ್ಲಿದ್ದಾನೋ ಎಂಬ ಆತಂಕ. ಆ ಆತಂಕವನ್ನು ಪಡದೆ ಮೂರನೆಯ ಭಾಗದಲ್ಲಿ ಅವರು ಮತ್ತೆ ಸೇರುವುದನ್ನು ಓದಿದರೆ ಏನೂ ಅನಿಸುವುದಿಲ್ಲ. ಆಮೇಲೆ ಅದೇ ಓದುಗರು ‘ಕೊನೆ ಚೆನ್ನಾಗಿಲ್ಲ’ ಎಂದು ನನಗೇ ಬರೆಯುತ್ತಾರೆ!

ಹದಿಹರೆಯದವರಿಗಾಗಿಯೇ ಬಂದವುಗಳಲ್ಲಿ ಫಿಲಿಪ್ ಪುಲ್‌ಮನ್ನರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ನೋಡಿ (1995, 1997, 2000). ಮೊದಲ ಭಾಗವಿಡೀ ಲೈರಾಳದು. ಮೂರನೆಯದು ಶುರುವಾಗುವಾಗ ಲೈರಾಳಿಗೆ ಮದ್ದು ಕೊಟ್ಟು ಒಂದು ಗುಹೆಯಲ್ಲಿ ಮಲಗಿಸಿದ್ದಾರೆ, ವಿಲ್ ಎಂಬ ಹುಡುಗ ಅವಳನ್ನು ಹುಡುಕಿ ಹೊರಟಿದ್ದಾನೆ. ಯಾರು ಈ ವಿಲ್? ಅವನ ಕೈಯ ಚಾಕು ಯಾವುದು? ಅವನು ಕಾಲಿಡುವುದೇ ಎರಡನೆಯ ಭಾಗದ ಮೊದಲ ಪುಟಗಳಲ್ಲಿ. ಅದನ್ನು ಬಿಟ್ಟವರಿಗೆ ಅರ್ಧ ಕಥೆಯ ನಾಯಕನೇ ಅಪರಿಚಿತ.

ಇದಕ್ಕೆ ಒಂದು ಅಪವಾದವನ್ನು ಒಪ್ಪುತ್ತೇನೆ. ಉರ್ಸುಲಾ ಲೆ ಗ್ವಿನ್ನರ ‘ಅರ್ಥ್‌ಸೀ’ಯ ಎರಡನೆಯ ಪುಸ್ತಕ ಟೆನಾರ್ ಎಂಬ ಹುಡುಗಿಯದು. ಮೊದಲ ಪುಸ್ತಕದ ನಾಯಕ ಗೆಡ್ ಅದರಲ್ಲಿ ಬರುವುದೇ ತಡವಾಗಿ. ಅದನ್ನು ಬಿಟ್ಟು 1972ರ ಮೂರನೆಯದಕ್ಕೆ ಹೋದರೆ ಕಥೆಯ ಎಳೆ ತಪ್ಪುವುದಿಲ್ಲ. ಆದರೆ 18 ವರ್ಷ ಬಿಟ್ಟು 1990ರಲ್ಲಿ ಲೆ ಗ್ವಿನ್ ನಾಲ್ಕನೆಯದನ್ನು ಬರೆದರು, ಅದು ಪೂರ್ತಿ ಟೆನಾರ್‌ಳ ಸುತ್ತ. ಬಿಟ್ಟವರು ಮತ್ತೆ ಎರಡನೆಯದಕ್ಕೇ ಬರಬೇಕು. ಇನ್ನು, ಪ್ರಕಾಶಕರು ಮೂರು ಪುಸ್ತಕ ಬೇಕೆಂದರು ಎಂಬ ಕಾರಣಕ್ಕೇ ಹಿಗ್ಗಿಸಿದ ಕಥೆಗಳೂ ಇವೆ. ಅಂಥವನ್ನು ಸಮರ್ಥಿಸುವುದಿಲ್ಲ. ನಡುವಿನದು ನಿಜಕ್ಕೂ ಟೊಳ್ಳಾಗಿದ್ದರೆ ಮೂರನೆಯದನ್ನೂ ಓದಬೇಕಿಲ್ಲ.

ಈ ತಪ್ಪು ಕಲ್ಪನೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಲು ಇನ್ನೊಂದು ಕಾರಣವಿದೆ, ಅದು ನಮ್ಮ ಹೆಮ್ಮೆಯ ರೂಢಿಯೇ. ನಾವು ಸುಂದರಕಾಂಡವೊಂದನ್ನೇ ಪಾರಾಯಣ ಮಾಡುತ್ತೇವೆ. ಮಳೆ ಬರಲೆಂದು ವಿರಾಟಪರ್ವ ಓದಿಸುತ್ತೇವೆ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಗಮಕದ ಕಾರ್ಯಕ್ರಮಕ್ಕೆ ಹೋದರೆ ಕುಮಾರವ್ಯಾಸನ ಒಂದೇ ಸಂಧಿ ಕೇಳಿ, ತೃಪ್ತರಾಗಿ ಎದ್ದು ಬರುತ್ತೇವೆ. ‘ಅದನ್ನು ಎಲ್ಲಿಂದ ಬೇಕಾದರೂ ಓದಬಹುದು, ಇದನ್ನು ಏಕಾಗದು’ ಎಂದು ಒಬ್ಬ ತಂದೆ ನನ್ನನ್ನು ಕೇಳಿದ್ದರು, ಒಳ್ಳೆಯ ಪ್ರಶ್ನೆ. ಕೇಳುವವರಿಗೆ ಇಡೀ ಕಥೆ ಅಜ್ಜಿಯ ಬಾಯಿಂದ, ಯಕ್ಷಗಾನದಿಂದ, ಹರಿಕಥೆಯಿಂದ ಮೊದಲೇ ಬಂದಿರುತ್ತದೆ. ಸಂಧಿ ಒಂದಾದರೂ ಹಿಂದುಮುಂದಿನದೆಲ್ಲ ಮನಸ್ಸಿನಲ್ಲೇ ಇದೆ. ನಿನ್ನೆ ಮೊನ್ನೆ ಒಬ್ಬ ಲೇಖಕಿ ಕಟ್ಟಿದ ಲೋಕದ ಬಗ್ಗೆ ನಿಮ್ಮ ಅಜ್ಜಿ ಏನೂ ಹೇಳಿಲ್ಲ. ಅಲ್ಲಿ ನಿಮಗೆ ಗೊತ್ತಿರುವುದು ಓದಿದ ಪುಟಗಳಷ್ಟೇ.

ರಾಮಾಯಣವನ್ನೇ ನೋಡಿ. ರಾಮನಿಗೆ ಜೊತೆಗಾರರು ಸಿಗುವುದು ಯಾವಾಗ? ಏಳು ಕಾಂಡಗಳಲ್ಲಿ ನಾಲ್ಕನೆಯದಾದ ಕಿಷ್ಕಿಂಧೆಯಲ್ಲಿ, ಸರಿಯಾಗಿ ನಟ್ಟನಡುವೆ. ಹನುಮಂತ ಬರುವುದು ಅಲ್ಲಿ, ಅಗ್ನಿಸಾಕ್ಷಿಯಾಗಿ ಸುಗ್ರೀವನ ಸ್ನೇಹವಾಗುವುದು ಅಲ್ಲಿ. ಆ ಸ್ನೇಹ ಕೈಕೊಡುವುದೂ ಅಲ್ಲೇ. ರಾಜ್ಯ ಸಿಕ್ಕಿದ ಮೇಲೆ ಸುಗ್ರೀವ ಸುಖದಲ್ಲಿ ಮುಳುಗಿ ಕೊಟ್ಟ ಮಾತು ಮರೆಯುತ್ತಾನೆ. ಮಳೆಗಾಲವಿಡೀ ರಾಮ ಬೆಟ್ಟದ ಮೇಲೆ ಕಾಯುತ್ತಾನೆ. ಲಕ್ಷ್ಮಣ ಸಿಡಿದೆದ್ದು ಕಿಷ್ಕಿಂಧೆಗೆ ಹೋಗಬೇಕಾಗುತ್ತದೆ. ನಮ್ಮ ಹಂಪಿ, ಆನೆಗೊಂದಿಯ ಬಂಡೆಗಳ ನಡುವೆ ನಡೆಯಿತೆಂದು ನಂಬುವ ಈ ಕಥೆಯನ್ನು ಅರಿಯದವರೊಬ್ಬರು ಅರಣ್ಯಕಾಂಡದಿಂದ ಯುದ್ಧಕಾಂಡಕ್ಕೆ ಹಾರಿದರೆ, ಇಷ್ಟು ದೊಡ್ಡ ಕಪಿಸೇನೆ ಎಲ್ಲಿಂದ ಬಂತು ಎಂದು ಕೇಳದೆ ಇರುತ್ತಾರೆಯೇ?

ಕನ್ನಡ ಕಾದಂಬರಿಯಲ್ಲೇ ಬೇಕೆಂದರೆ ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಇವೆ. ಚಿತ್ರದುರ್ಗದ ಕಥೆ, ಒಂದರ ಬೆನ್ನಿಗೆ ಒಂದು. ‘ರಕ್ತರಾತ್ರಿ’ ಬಿಟ್ಟು ಓದಿ ಎಂದು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಇಂಗ್ಲಿಷ್ ಪುಸ್ತಕಕ್ಕೆ ಮಾತ್ರ ಏಕೆ ಈ ಸಲಹೆ?

ಹುಡುಕುವ ವಿಷಯ. ಚರ್ಚ್ ಸ್ಟ್ರೀಟ್‌ನಲ್ಲಿ ಬ್ಲಾಸಮ್, ಬುಕ್‌ವರ್ಮ್ ಎರಡೂ ಕಡೆ ಕೇಳಿ. ಸುಮ್ಮನೆ ಕಪಾಟು ನೋಡಿ ಹಿಂದಿರುಗಬೇಡಿ, ಲೇಖಕರ ಹೆಸರು ಹೇಳಿ ವಿಚಾರಿಸಿ. ಮೂರಕ್ಕೂ ಒಂದೇ ಥರದ ರಕ್ಷಾಪುಟ ಇರಬೇಕೆಂಬ ಹಟ ಬೇಡ. ಕೊಳ್ಳುವ ಮೊದಲು ಹೆಸರನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಿ. ಪುಲ್‌ಮನ್ನರ ಮೊದಲ ಭಾಗ ಬ್ರಿಟನ್‌ನಲ್ಲಿ ‘ನಾರ್ದರ್ನ್ ಲೈಟ್ಸ್’, ಅಮೆರಿಕದಲ್ಲಿ ‘ದಿ ಗೋಲ್ಡನ್ ಕಂಪಾಸ್’. ಬೇರೆ ಪುಸ್ತಕವೆಂದು ತಿಳಿದು ಒಂದನ್ನೇ ಎರಡು ಸಲ ಕೊಳ್ಳುವುದುಂಟು. ಫುಟ್‌ಪಾತ್‌ನ ನಕಲಿ ಪ್ರತಿ ಬೇಡ. ಪುಟಗಳು ಹಿಂದುಮುಂದಾಗಿರುತ್ತವೆ, ಭೂಪಟ ಕಪ್ಪು ಮಸಿಯಾಗಿರುತ್ತದೆ.

ಭೂಪಟ ಅಂದಾಗ ನೆನಪಾಯಿತು. ಇದನ್ನು ನೀವು ಕೇಳಲಿಲ್ಲ, ಯಾರೂ ಕೇಳುವುದಿಲ್ಲ, ಆದರೂ ಹೇಳಲೇಬೇಕು. ಪುಸ್ತಕದ ಮೊದಲಲ್ಲಿರುವ ಭೂಪಟವನ್ನು ಅಲಂಕಾರ ಎಂದುಕೊಂಡು ದಾಟಿ ಹೋಗುವವರೇ ಹೆಚ್ಚು. ಲೆ ಗ್ವಿನ್ ಮೊದಲು ದ್ವೀಪಗಳ ಭೂಪಟ ಬರೆದುಕೊಂಡು ಆಮೇಲೆ ಕಥೆ ಬರೆದವರು. ಟೋಲ್ಕಿನ್ನರ ಭೂಪಟವನ್ನು ಅಚ್ಚಿಗೆ ಬರೆದುಕೊಟ್ಟದ್ದು ಅವರ ಮಗ ಕ್ರಿಸ್ಟೋಫರ್. ಚಂದ್ರ ಯಾವ ರಾತ್ರಿ ಎಷ್ಟು ಇರಬೇಕು, ಒಂದು ದಿನಕ್ಕೆ ಎಷ್ಟು ದೂರ ನಡೆಯಬಹುದು ಎಂದು ತಂದೆ ಲೆಕ್ಕ ಹಾಕಿ ಬರೆದಿದ್ದರು. ಹಾಗಾಗಿ ಜೊತೆಗಾರರು ಬೇರೆಯಾದ ಮೇಲೆ ಭೂಪಟವಿಲ್ಲದೆ ಓದುವುದು ಕಷ್ಟ. ಇವಳು ಉತ್ತರದಲ್ಲಿ ಬೆಟ್ಟ ಹತ್ತುತ್ತಿರುವಾಗ ಅವನು ದಕ್ಷಿಣದ ಜೌಗಿನಲ್ಲಿದ್ದಾನೆ, ನಡುವೆ ಶತ್ರುವಿನ ಕೋಟೆ ಇದೆ ಎಂಬುದು ಕಣ್ಣಿಗೆ ಕಂಡರೆ ಆಗ ಎಳೆದಂತೆ ಅನಿಸಿದ ಅಧ್ಯಾಯವೂ ಓಡುತ್ತದೆ.

ನಿಮ್ಮ ಬಳಿ ಒಂದನೆಯ ಭಾಗ ಇದೆಯಲ್ಲ. ಅದರ ಭೂಪಟವನ್ನು ಜೆರಾಕ್ಸ್ ಅಂಗಡಿಗೆ ಒಯ್ದು ದೊಡ್ಡದು ಮಾಡಿಸಿ, ಎ3 ಹಾಳೆ ಸಾಕು. ಮೊದಲ ಭಾಗ ಮುಗಿದಾಗ ಯಾರು ಯಾರು ಎಲ್ಲಿದ್ದರು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ. ಎರಡನೆಯದು ಕೈಗೆ ಬಂದ ದಿನದಿಂದ ಅಧ್ಯಾಯಕ್ಕೊಂದು ಸಲ ಆ ಗುರುತುಗಳನ್ನು ಮುಂದಕ್ಕೆ ಸರಿಸುತ್ತಾ ಹೋಗಿ. ಮುಂದಿನ ಪತ್ರದಲ್ಲಿ ಪುಸ್ತಕದ ಹೆಸರನ್ನೂ ಬರೆಯಿರಿ.