ದೂರದ ನಾನು ನುಣ್ಣಗೆ

ನಾಳೆ ಬೆಳಗ್ಗೆ ಐದಕ್ಕೆ ಎದ್ದು ಓದುತ್ತೇನೆ ಅಂತ ರಾತ್ರಿ ಅಲಾರಂ ಇಡುವವನೇ ಬೇರೆ, ಐದಕ್ಕೆ ಅದರ ತಲೆಗೆ ಕುಟ್ಟಿ ಮತ್ತೆ ಹೊದ್ದು ಮಲಗುವವನೇ ಬೇರೆ. ರಾತ್ರಿಯವನು ಭಾರಿ ಶಿಸ್ತಿನ ಮನುಷ್ಯ. ಟೈಮ್‌ಟೇಬಲ್ ಬರೆಯುತ್ತಾನೆ, ಮೂರು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುತ್ತಾನೆ, ಒಂದೇ ದಿನಕ್ಕೆ ನಾಲ್ಕು ಪಾಠ ಮುಗಿಸುವುದಾಗಿ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡರೆ ಅವನ ಗಂಟೇನು ಹೋಗುತ್ತದೆ? ಕೂತು ಓದಬೇಕಾದವನು ಬೆಳಗಿನವನು ಅಲ್ವಾ. ಇಂಥ ಟೈಮ್‌ಟೇಬಲ್‌ಗಳನ್ನು ನಾನೂ ಬೇಕಾದಷ್ಟು ಬರೆದಿದ್ದೇನೆ. ಓದಿದ್ದಕ್ಕಿಂತ ಗೆರೆ ಎಳೆದದ್ದೇ ಜಾಸ್ತಿ.

ಇದಕ್ಕೆ ಸೋಮಾರಿತನ ಅಂತ ಹೆಸರಿಟ್ಟು ಬೈದು ಸುಮ್ಮನಾಗಬಹುದು. ಹಾಗೆ ಸುಮ್ಮನಾಗದೆ ಕೆದಕಿ ನೋಡಿದ ಮನಶ್ಶಾಸ್ತ್ರಜ್ಞರಿಗೆ ಕಂಡದ್ದು ಇನ್ನೊಂದು. ನಾಳೆಯ ನಮ್ಮನ್ನು ನಾವು ಅಷ್ಟಾಗಿ 'ನಾನು' ಅಂದುಕೊಳ್ಳುವುದೇ ಇಲ್ಲ. ಅವನು ನಮಗೆ ಹೆಚ್ಚುಕಮ್ಮಿ ಪಕ್ಕದ ಮನೆಯವನಿದ್ದ ಹಾಗೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿಜ್ಞಾನಕ್ಕಾಗಿ ಒಂದು ಕೆಟ್ಟ ರುಚಿಯ ದ್ರವ ಕುಡಿಯಬೇಕು, ಎಷ್ಟು ಕುಡಿಯುತ್ತೀರಿ ಅಂತ ವಿದ್ಯಾರ್ಥಿಗಳನ್ನು ಕೇಳಿದರು. ಈಗಲೇ ಕುಡಿಯಬೇಕು ಅಂದಾಗ ಹೆಚ್ಚಿನವರು ಸ್ವಲ್ಪಕ್ಕೇ ಒಪ್ಪಿದರು. ಮುಂದಿನ ಸೆಮಿಸ್ಟರ್‌ನಲ್ಲಿ ಕುಡಿದರೆ ಸಾಕು ಅಂದಾಗ ಅಳತೆ ಏರಿತು. ಬೇರೆಯವರಿಗೆ ಎಷ್ಟು ಕುಡಿಸೋಣ ಅಂತ ಕೇಳಿದಾಗಲೂ ಅಳತೆ ಏರಿತು. ಮಜಾ ಅಂದರೆ ಈ ಕೊನೆಯ ಎರಡು ಅಳತೆ ಹೆಚ್ಚುಕಮ್ಮಿ ಒಂದೇ ಆಗಿದ್ದವು! ಬೇರೆಯವರ ಗಂಟಲಿಗೆ ಸುರಿದಷ್ಟೇ ಧಾರಾಳವಾಗಿ ನಾಳೆಯ ತಮ್ಮ ಗಂಟಲಿಗೂ ಸುರಿದಿದ್ದರು. ಟೈಮ್‌ಟೇಬಲ್ ಬರೆಯುವ ರಾತ್ರಿಯವನು ಮಾಡುವುದೂ ಇದನ್ನೇ.

ಮಿದುಳಿನ ಒಳಗೂ ಇದರ ಗುರುತು ಸಿಗುತ್ತದೆ. ಹಾಲ್ ಹರ್ಷ್‌ಫೀಲ್ಡ್ ಮತ್ತು ಜೊತೆಗಾರರು ಕೆಲವರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಈಗಿನ ತಮ್ಮ ಬಗ್ಗೆ, ಹತ್ತು ವರ್ಷದ ನಂತರದ ತಮ್ಮ ಬಗ್ಗೆ, ಇನ್ನೊಬ್ಬರ ಬಗ್ಗೆ ಯೋಚಿಸಲು ಹೇಳಿದರು. 'ಈಗಿನ ನಾನು' ಅಂದಾಗ ಮಿದುಳಿನ ಮುಂಭಾಗದ ನಡುವಿನ ಕೆಲವು ಜಾಗಗಳು ಚುರುಕಾದವು. 'ಮುಂದಿನ ನಾನು' ಅಂದಾಗ ಆ ಚುರುಕು ಇಳಿಯಿತು. ಚಿತ್ರ ಇನ್ನೊಬ್ಬರ ಬಗ್ಗೆ ಯೋಚಿಸಿದಾಗಿನ ಹಾಗೆ ಕಾಣತೊಡಗಿತು. ಇದು 2009ರ ಮಾತು. ಎಲ್ಲರಲ್ಲೂ ಈ ಅಂತರ ಒಂದೇ ಸಮ ಇರಲಿಲ್ಲ. ಅಂತರ ಜಾಸ್ತಿ ಇದ್ದವರು ಒಂದು ವಾರದ ನಂತರ ನಡೆಸಿದ ಹಣದ ಆಟದಲ್ಲಿ, ಕಾದರೆ ಸಿಗುವ ದೊಡ್ಡ ಮೊತ್ತ ಬಿಟ್ಟು ಈಗಲೇ ಸಿಗುವ ಚಿಕ್ಕ ಮೊತ್ತಕ್ಕೆ ಕೈ ಚಾಚಿದರು.

ಹಾಗಾದರೆ ವಿದ್ಯಾರ್ಥಿಗೆ ಅವನ ಮುಂದಿನ ದಿನಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಬಿಟ್ಟರೆ ಓದಿನ ಹುಮ್ಮಸ್ಸು ತಾನಾಗಿ ಬರಬೇಕಲ್ಲ? ಭಾಷಣಕಾರರು ಹೇಳುವುದೂ ಇದನ್ನೇ. ಕಣ್ಣು ಮುಚ್ಚಿ, ಗೆದ್ದ ನಿಮ್ಮನ್ನು ನೋಡಿಕೊಳ್ಳಿ, ಚಪ್ಪಾಳೆ ಕೇಳಿಸಿಕೊಳ್ಳಿ. ನನಗೆ ಈ ಉಪದೇಶ ಕೇಳಿದಾಗಲೆಲ್ಲ ಸ್ವಲ್ಪ ಕಿರಿಕಿರಿ ಆಗುತ್ತದೆ. ಯಾಕಂದರೆ ಇದನ್ನು ವಿದ್ಯಾರ್ಥಿಗಳ ಮೇಲೇ ಪರೀಕ್ಷಿಸಿ ನೋಡಿದ್ದಾರೆ. ಫಲಿತಾಂಶ ಉಲ್ಟಾ ಬಂದಿದೆ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಪರೀಕ್ಷೆ ಹತ್ತಿರ ಬಂದಿದ್ದ ವಿದ್ಯಾರ್ಥಿಗಳನ್ನು ಗುಂಪು ಮಾಡಿದರು. ಒಂದು ಗುಂಪಿನವರು ದಿನಕ್ಕೆ ಐದು ನಿಮಿಷ ತಮಗೆ ಒಳ್ಳೆಯ ಗ್ರೇಡ್ ಬಂದ ಗಳಿಗೆಯನ್ನು ಕಲ್ಪಿಸಿಕೊಳ್ಳಬೇಕು. ಆ ಖುಷಿ, ಆ ಹೆಮ್ಮೆ ಎಲ್ಲವನ್ನೂ. ಇನ್ನೊಂದು ಗುಂಪಿನವರು ಕಲ್ಪಿಸಿಕೊಳ್ಳಬೇಕಾದದ್ದು ತಾವು ಓದುತ್ತಿರುವುದನ್ನು. ಎಲ್ಲಿ ಕೂತಿದ್ದೇನೆ, ಯಾವ ಪಾಠ ತೆಗೆದಿದ್ದೇನೆ, ಟಿವಿ ಆರಿಸಿದ್ದೇನಾ, ಗೆಳೆಯರು ಕರೆದರೆ ಹೇಗೆ ಬರಲ್ಲ ಅನ್ನುತ್ತೇನೆ. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಓದುವುದನ್ನು ಕಲ್ಪಿಸಿಕೊಂಡವರು ಬೇಗ ಶುರು ಮಾಡಿದರು, ಹೆಚ್ಚು ಓದಿದರು, ಹೆಚ್ಚು ಅಂಕ ತೆಗೆದರು. ಗ್ರೇಡನ್ನು ಕಲ್ಪಿಸಿಕೊಂಡವರ ಓದುವ ಗಂಟೆಗಳೇ ಕಡಿಮೆಯಾದವು. ಅಂಕವೂ ಇಳಿಯಿತು.

ಗೇಬ್ರಿಯೇಲ್ ಓಟಿಂಗೆನ್ ಅನ್ನುವ ಮನಶ್ಶಾಸ್ತ್ರಜ್ಞೆ ಈ ಹಗಲುಗನಸಿನ ಬೆನ್ನು ಹತ್ತಿ ದಶಕಗಳೇ ಕಳೆದಿವೆ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಯುವಕ ಯುವತಿಯರನ್ನು ಎರಡು ವರ್ಷದ ನಂತರ ಅವರು ವಿಚಾರಿಸಿದರು. ಕೆಲಸ ಸಿಕ್ಕ ಹಾಗೆ ಸಿಹಿಯಾದ ಕನಸು ಜಾಸ್ತಿ ಕಂಡವರು ಅರ್ಜಿ ಹಾಕಿದ್ದು ಕಡಿಮೆ, ಅವರಿಗೆ ಸಿಕ್ಕ ಅವಕಾಶ ಕಡಿಮೆ, ಸಂಬಳವೂ ಕಡಿಮೆ. ಇಲ್ಲಿ ಒಂದು ಸೂಕ್ಷ್ಮ ಇದೆ. 'ನನ್ನ ಕೈಲಿ ಆಗುತ್ತೆ' ಅನ್ನುವ ನಂಬಿಕೆ ಇದ್ದವರು ಚೆನ್ನಾಗಿಯೇ ಮಾಡಿದ್ದರು. ನಂಬಿಕೆ ಹುಟ್ಟುವುದು ಹಿಂದೆ ಮಾಡಿದ ಕೆಲಸದಿಂದ. ಹಗಲುಗನಸಿಗೆ ಯಾವ ಬಂಡವಾಳವೂ ಬೇಡ. 2011ರಲ್ಲಿ ಓಟಿಂಗೆನ್ ಮತ್ತು ಹೆದರ್ ಕ್ಯಾಪ್ಸ್ ರಕ್ತದೊತ್ತಡವನ್ನೂ ಅಳೆದು ನೋಡಿದರು. ಬೇಕಾದ್ದು ಸಿಕ್ಕೇಬಿಟ್ಟಿತು ಅಂತ ಕಲ್ಪಿಸಿಕೊಂಡವರ ರಕ್ತದೊತ್ತಡದ ಮೇಲಿನ ಅಂಕಿ ಇಳಿದಿತ್ತು. ಅಂದರೆ ದೇಹ ಕೆಲಸಕ್ಕೆ ಸಜ್ಜಾಗುವ ಬದಲು ವಿಶ್ರಾಂತಿಗೆ ಹೊರಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಗುತ್ತೇವಲ್ಲ. ಇಲ್ಲಿ ಕುಲಾವಿ ಹೊಲಿಸಿದ ಮೇಲೆ ಕೂಸು ಹುಟ್ಟಿಯೇಬಿಟ್ಟಿತು ಅಂತ ದೇಹ ನಂಬಿ ಮಲಗಿಬಿಡುತ್ತದೆ.

ದೂರದ ಬೆಟ್ಟ ನುಣ್ಣಗೆ ಕಾಣುವ ಹಾಗೆ ದೂರದ ನಾವೂ ನುಣ್ಣಗೆ ಕಾಣುತ್ತೇವೆ. ಆ ನುಣುಪೇ ಇಲ್ಲಿ ತೊಂದರೆ. ಕಲ್ಲು, ಮುಳ್ಳು, ಹತ್ತುವ ದಾರಿ ಯಾವುದೂ ಕಾಣುವುದಿಲ್ಲ. ದೊಡ್ಡವನಾದ ಮೇಲೆ ಏನಾಗ್ತೀಯ ಅಂತ ಮಗುವನ್ನು ಕೇಳಿದರೆ ಡಾಕ್ಟರ್ ಅನ್ನುತ್ತದೆ, ಪೈಲಟ್ ಅನ್ನುತ್ತದೆ. ಅದು ಒಂದು ಪದ, ಅಷ್ಟೇ. ಅದರ ಹಿಂದೆ ಚಿತ್ರವೇ ಇಲ್ಲ.

ಚಿತ್ರ ಯಾಕಿಲ್ಲ ಅನ್ನುವುದಕ್ಕೆ ನೆನಪಿನ ಸಂಶೋಧನೆಯಲ್ಲಿ ಒಂದು ಸುಳಿವಿದೆ. ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗಕ್ಕೆ ಪೆಟ್ಟಾಗಿ ನೆನಪು ಕಳೆದುಕೊಂಡ ಕೆಲವರನ್ನು ಡೆಮಿಸ್ ಹಸಾಬಿಸ್ ಮತ್ತು ಎಲಿನಾರ್ ಮ್ಯಾಗೈರ್ ಅವರ ತಂಡ 2007ರಲ್ಲಿ ಅಧ್ಯಯನ ಮಾಡಿತು. ಅವರಿಗೆ ಹಳೆಯದನ್ನು ನೆನೆಯುವುದಷ್ಟೇ ಕಷ್ಟವಾಗಿರಲಿಲ್ಲ. ಹೊಸದೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳುವುದೂ ಹೆಚ್ಚಿನವರಿಗೆ ಆಗಲಿಲ್ಲ. ಕಲ್ಪನೆ ಅನ್ನುವುದು ನೆನಪಿನ ಚೂರುಗಳನ್ನು ಜೋಡಿಸಿ ಮಾಡುವ ಕೆಲಸ. ಇದರಿಂದ ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ಪ್ರಯೋಗಾಲಯದ ಒಳಗೆ ಒಮ್ಮೆಯೂ ಕಾಲಿಡದ ಹುಡುಗಿಗೆ ಅಲ್ಲಿ ಕೆಲಸ ಮಾಡುವ ತನ್ನನ್ನು ಊಹಿಸಿಕೋ ಅಂದರೆ ಜೋಡಿಸಲು ಅವಳ ಹತ್ತಿರ ಚೂರುಗಳೇ ಇಲ್ಲ. ಅರ್ಧ ದಿನ ಅಲ್ಲಿ ಓಡಾಡಿಸಿ, ಅಲ್ಲಿನ ವಾಸನೆ, ಸದ್ದು, ಬೇಸರದ ಕಾಗದದ ಕೆಲಸ ಎಲ್ಲವನ್ನೂ ತೋರಿಸಿದರೆ ಹತ್ತು ಭಾಷಣಕ್ಕಿಂತ ಅದು ಮೇಲು.

ಈ ವಿಷಯಕ್ಕೆ ಬುನಾದಿ ಹಾಕಿದ್ದು 1986ರಲ್ಲಿ ಹೇಝೆಲ್ ಮಾರ್ಕಸ್ ಮತ್ತು ಪೌಲಾ ನ್ಯೂರಿಯಸ್ ಬರೆದ ಒಂದು ಪ್ರಬಂಧ. ನಮ್ಮೊಳಗೆ 'ಆಗಬಹುದಾದ ನಾನು' ಒಬ್ಬನಲ್ಲ, ಹಲವರು ಅಂದರು ಅವರು. ಆಗಬೇಕು ಅಂತ ಆಸೆಪಡುವವನು, ಬಹುಶಃ ಆಗಿಯೇಬಿಡುವವನು, ಹಾಗಾಗದಿದ್ದರೆ ಸಾಕಪ್ಪ ಅಂತ ಹೆದರುವವನು. ಮುಂದೆ ಡಾಫ್ನಾ ಆಯ್ಸರ್ಮನ್ ಅನ್ನುವವರು ಮಾರ್ಕಸ್ ಜೊತೆ ಸೇರಿ ಹದಿಹರೆಯದವರನ್ನು ಮಾತಾಡಿಸಿದಾಗ ಆಸೆ ಮತ್ತು ಭಯ ಎರಡೂ ಒಂದೇ ವಿಷಯಕ್ಕೆ ಜೋಡಿಯಾಗಿದ್ದರೆ ಒಳ್ಳೆಯದು ಅನ್ನುವುದು ಕಂಡಿತು. ಓದಿನಲ್ಲಿ ಮುಂದೆ ಬರಬೇಕು ಅನ್ನುವ ಆಸೆಗೆ, ಶಾಲೆ ಅರ್ಧಕ್ಕೆ ಬಿಟ್ಟರೆ ಅನ್ನುವ ಭಯ ಜೊತೆಯಾಗಬೇಕು. ಬರೀ ಆಸೆ ಹಾರಿಸಿಕೊಂಡು ಹೋಗುತ್ತದೆ, ಬರೀ ಭಯ ಕುಗ್ಗಿಸುತ್ತದೆ. ನಮ್ಮ ದೊಡ್ಡವರಿಗೆ ಈ ಎರಡನೆಯದರ ಮೇಲೆ ಒಂಚೂರು ಪ್ರೀತಿ ಜಾಸ್ತಿ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಆಯ್ಸರ್ಮನ್ ಇಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದ ಡೆಟ್ರಾಯಿಟ್‌ನ ಬಡ ಬಡಾವಣೆಗಳ ಶಾಲೆಗಳಿಗೆ ಹೋದರು. ಬಡ ಮಕ್ಕಳಿಗೆ ಆಸೆಯೇ ಇರುವುದಿಲ್ಲ, ಆಸೆ ತುಂಬಬೇಕು ಅನ್ನುವುದು ಎಲ್ಲರ ನಂಬಿಕೆ. ಅಲ್ಲಿ ಕಂಡದ್ದೇ ಬೇರೆ. ಕಾಲೇಜಿಗೆ ಹೋಗುತ್ತೇನೆ ಅನ್ನುವ ಮಕ್ಕಳೇ ತುಂಬಿದ್ದರು. ಆದರೆ ಆ ಕಾಲೇಜಿಗೂ ಇವತ್ತಿನ ಹೋಮ್‌ವರ್ಕಿಗೂ ನಡುವೆ ಅವರ ತಲೆಯಲ್ಲಿ ಯಾವ ದಾರಿಯೂ ಇರಲಿಲ್ಲ. ಕನಸು ಅಲ್ಲೆಲ್ಲೋ, ಲೆಕ್ಕದ ಪುಸ್ತಕ ಇಲ್ಲೆಲ್ಲೋ.

ಆದ್ದರಿಂದ ಅವರ ತಂಡ ಕನಸು ತುಂಬುವ ಗೋಜಿಗೆ ಹೋಗದೆ ದಾರಿ ಎಳೆಸಿತು. ಮಕ್ಕಳು ತಮಗೆ ಇಷ್ಟವಾದ ದೊಡ್ಡವರ ಬದುಕಿನ ಚಿತ್ರಗಳನ್ನು ಆರಿಸಿಕೊಂಡರು. ಇವತ್ತಿನಿಂದ ಅಲ್ಲಿಯವರೆಗೆ ಕಾಲದ ಗೆರೆ ಎಳೆದರು. ಗೆರೆಯ ಮೇಲೆ ಕವಲುಗಳನ್ನೂ ಅಡ್ಡಗಟ್ಟುವ ಗೋಡೆಗಳನ್ನೂ ಬರೆದರು. ಮುಂದಿನ ವರ್ಷದ ತಮ್ಮನ್ನೂ ದೊಡ್ಡವರಾದ ತಮ್ಮನ್ನೂ ದಾರದಲ್ಲಿ ಪೋಣಿಸಿದ ಹಾಗೆ ಕಟ್ಟಿದರು. ಕಠಿಣವಾದ ಸಮಸ್ಯೆಗಳನ್ನು ಒಟ್ಟಿಗೆ ಕೂತು ಬಿಡಿಸಿದರು. ದೊಡ್ಡ ತಲೆನೋವನ್ನು ಚಿಕ್ಕ ಚಿಕ್ಕ ತುಂಡು ಮಾಡಬಹುದು ಅಂತ ಗೊತ್ತಾಗಲಿ ಅಂತ. ಗೋಡೆಗಳ ವಿಷಯ ನನಗೆ ತುಂಬಾ ಹಿಡಿಸಿತು. ಅಡ್ಡಿ ಬಂದೇ ಬರುತ್ತದೆ, ಎಲ್ಲರಿಗೂ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ, ಅಡ್ಡಿ ಬಂದ ದಿನ 'ಇದು ನನ್ನಂಥವರಿಗಲ್ಲ' ಅಂತ ಅನಿಸುವುದಿಲ್ಲ. 'ಕಷ್ಟ ಆಗ್ತಿದೆ ಅಂದರೆ ಇದು ಮುಖ್ಯವಾದ್ದು' ಅಂತ ಅನಿಸಬಹುದು. ಒಂದೇ ಕಷ್ಟಕ್ಕೆ ಎರಡು ಅರ್ಥ. ಯಾವ ಅರ್ಥ ಮೊದಲು ಹೊಳೆಯುತ್ತದೆ ಅನ್ನುವುದರ ಮೇಲೆ ಪುಸ್ತಕ ಮುಚ್ಚುತ್ತಾರೋ ತೆರೆದಿಡುತ್ತಾರೋ ನಿಂತಿದೆ.

ಎಂಟನೇ ತರಗತಿಯ 264 ಮಕ್ಕಳ ಮೇಲೆ ನಡೆದ ಈ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಎರಡು ವರ್ಷ ಬೆನ್ನು ಹತ್ತಿ ನೋಡಿದಾಗ, ತರಬೇತಿ ಪಡೆದವರು ಶಾಲೆ ತಪ್ಪಿಸುವುದು ಕಡಿಮೆಯಾಗಿತ್ತು, ಹೋಮ್‌ವರ್ಕಿಗೆ ಕೊಡುವ ಸಮಯ ಹೆಚ್ಚಿತ್ತು, ಅಂಕಗಳೂ ಮೇಲಿದ್ದವು.

ದಾರಿ ಕಂಡರೆ ಎಷ್ಟು ಬೇಗ ಬದಲಾವಣೆ ಆಗಬಹುದು ಅನ್ನುವುದಕ್ಕೆ ಮೆಸ್ಮಿನ್ ಡೆಸ್ಟಿನ್ ಮತ್ತು ಆಯ್ಸರ್ಮನ್ 2010ರಲ್ಲಿ ಮಾಡಿದ ಇನ್ನೊಂದು ಪ್ರಯೋಗ ನೋಡಿ. ಕೆಲವು ಮಕ್ಕಳಿಗೆ ಓದು ಹೆಚ್ಚಿದ ಹಾಗೆ ಗಳಿಕೆ ಹೇಗೆ ಏರುತ್ತದೆ ಅನ್ನುವ ನಕ್ಷೆ ತೋರಿಸಿದರು. ಇನ್ನು ಕೆಲವರಿಗೆ ನಟರು, ಗಾಯಕರು, ಆಟಗಾರರ ಭಾರಿ ಗಳಿಕೆಯ ನಕ್ಷೆ. ಎರಡೂ ಆಸೆ ಹುಟ್ಟಿಸುವಂಥವೇ. ಆಮೇಲೆ ಹೆಚ್ಚುವರಿ ಅಂಕಕ್ಕಾಗಿ ಒಂದು ಹೋಮ್‌ವರ್ಕ್ ಕೊಟ್ಟರು, ಬೇಕಾದವರು ಮಾಡಬಹುದು ಅಂತ. ಮೊದಲ ನಕ್ಷೆ ನೋಡಿದವರು ಅದನ್ನು ಮಾಡಿ ತರುವ ಸಾಧ್ಯತೆ ಸುಮಾರು 8 ಪಟ್ಟು ಹೆಚ್ಚಿತ್ತು. ಒಂದೇ ಒಂದು ಹೋಮ್‌ವರ್ಕ್ ಅದು, ಆ ಹುಮ್ಮಸ್ಸು ವರ್ಷವಿಡೀ ಉಳಿಯಿತು ಅಂತ ಇದರಿಂದ ಹೇಳಲಾಗದು.

ದಾರಿ ಕಂಡರೂ ದೂರ ಕಾಡುತ್ತದೆ. ಅದನ್ನು ಕುಗ್ಗಿಸಲು ಒಂದು ತಮಾಷೆಯ ಉಪಾಯ 2015ರಲ್ಲಿ ಸಿಕ್ಕಿತು. ನೀಲ್ ಲೂಯಿಸ್ ಮತ್ತು ಆಯ್ಸರ್ಮನ್ ವರ್ಷಗಳನ್ನು ದಿನಗಳಿಗೆ ಬದಲಾಯಿಸಿದರು. ಮಗುವಿನ ಕಾಲೇಜಿಗೆ 18 ವರ್ಷ ಇದೆ ಅನ್ನುವ ಬದಲು 6,570 ದಿನ ಇದೆ ಅಂದರು. ಸಂಖ್ಯೆ ದೊಡ್ಡದಾಯಿತು, ಕಾಲ ಮಾತ್ರ ಹತ್ತಿರ ಬಂತು. ದಿನಗಳಲ್ಲಿ ಕೇಳಿದವರು ನಾಲ್ಕು ಪಟ್ಟು ಬೇಗ ಉಳಿತಾಯ ಶುರು ಮಾಡುವುದಾಗಿ ಹೇಳಿದರು. ವರ್ಷ ಅನ್ನುವುದು ಕ್ಯಾಲೆಂಡರಿನದು. ದಿನವನ್ನಾದರೆ ನಾವು ಬದುಕಿ ನೋಡಿದ್ದೇವೆ.

ಇನ್ನೊಂದು ದಾರಿ ಕಾಗದ. ಯೂಟಾ ಚಿಶಿಮಾ ಮತ್ತು ಆನ್ ವಿಲ್ಸನ್ ಜಪಾನಿನ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಮೂರು ವರ್ಷದ ನಂತರದ ತಮಗೇ ಪತ್ರ ಬರೆಯಲು ಹೇಳಿದರು. ಕೆಲವರಿಗೆ ಅಷ್ಟಕ್ಕೇ ಬಿಟ್ಟರು. ಉಳಿದವರು ಮೂರು ವರ್ಷ ಮುಂದೆ ಹೋಗಿ ಕೂತು, ಅಲ್ಲಿಂದ ಈಗಿನ ತಮಗೆ ಉತ್ತರವನ್ನೂ ಬರೆಯಬೇಕಿತ್ತು. ಉತ್ತರ ಬರೆದವರಿಗೆ ಮುಂದಿನ ತಮ್ಮ ಜೊತೆ ನಂಟು ಗಟ್ಟಿಯಾಯಿತು. ಮುಂದಿನ ವೃತ್ತಿಯ ಯೋಚನೆ ಹೆಚ್ಚಿತು. ಮನಸ್ಸು ಬೇರೆ ಕಡೆ ಎಳೆದರೂ ಓದುತ್ತೇನೆ ಅನ್ನುವವರೂ ಅವರಲ್ಲೇ ಜಾಸ್ತಿ. ಪತ್ರ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಉತ್ತರ ಬರೆಯಬೇಕಾದರೆ ಆ ಇನ್ನೊಬ್ಬನ ಕುರ್ಚಿಯಲ್ಲಿ ಕೂತು ಈ ಕಡೆ ನೋಡಲೇಬೇಕು.

ಇನ್ನು ಕನಸು ಕಾಣುವ ಮಕ್ಕಳಿಗೆ ಓಟಿಂಗೆನ್ ಹೇಳುವ ಪರಿಹಾರ ಸರಳ. ಕನಸನ್ನು ಬಿಡಬೇಡಿ, ಅದರ ಪಕ್ಕದಲ್ಲೇ ನಿಮ್ಮೊಳಗಿನ ಅಡ್ಡಿಯನ್ನೂ ಬರೆಯಿರಿ. 'ಓದಲು ಕೂತ ಹತ್ತು ನಿಮಿಷಕ್ಕೆ ಮೊಬೈಲ್ ಕೈಗೆ ಬರುತ್ತದೆ.' ಆಮೇಲೆ ಆ ಅಡ್ಡಿಗೊಂದು ಕಟ್ಟು ಹಾಕಿ: ಹೀಗಾದರೆ ಹೀಗೆ ಮಾಡುತ್ತೇನೆ. ಆಂಜೆಲಾ ಡಕ್ವರ್ತ್ ಜೊತೆ ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 66 ಹೈಸ್ಕೂಲ್ ವಿದ್ಯಾರ್ಥಿಗಳಿದ್ದರು, ಎದುರಿಗೆ ಒಂದು ದೊಡ್ಡ ಪರೀಕ್ಷೆ, ನಡುವೆ ಬೇಸಿಗೆ ರಜೆ. ಅರ್ಧ ಗಂಟೆ ಕೂತು ಹೀಗೆ ಬರೆದವರು ರಜೆಯಲ್ಲಿ ಉಳಿದವರಿಗಿಂತ 60 ಶೇಕಡಾಕ್ಕೂ ಹೆಚ್ಚು ಅಭ್ಯಾಸದ ಪ್ರಶ್ನೆಗಳನ್ನು ಬಿಡಿಸಿದ್ದರು. ಅರ್ಧ ಗಂಟೆಗೆ ಇದು ಒಳ್ಳೆಯ ಫಸಲೇ.

ಇಷ್ಟೆಲ್ಲ ಓದಿದ ಮೇಲೆ ಒಂದು ಅಪಾಯ ಉಂಟು. ಪೋಷಕರೋ ಮೇಷ್ಟ್ರೋ ಈ ಹಾಳೆಯನ್ನು ತಾವೇ ತುಂಬಿಬಿಡಬಹುದು. ಆಗ ಅದು ದೊಡ್ಡವರ ಆಸೆಯ ಚಿತ್ರ, ಮಗುವಿನ ಮುಂದಿನ 'ನಾನು' ಅಲ್ಲ. ಮಗುವಿಗೆ ಅವನು ಮತ್ತೆ ಪಕ್ಕದ ಮನೆಯವನೇ. ಇನ್ನು ಕೆಲವು ಮಕ್ಕಳು ಏನಾಗ್ತೀಯ ಅಂದರೆ ಗೊತ್ತಿಲ್ಲ ಅನ್ನುತ್ತಾರೆ. ಪ್ರಾಮಾಣಿಕ ಉತ್ತರ ಅದು. ಅವರಿಗೆ ಪ್ರಶ್ನೆಯನ್ನೇ ಚಿಕ್ಕದು ಮಾಡಿ ಕೇಳಬಹುದು. ಮೂರು ವರ್ಷ ಆದ ಮೇಲಿನ ಒಂದು ಮಂಗಳವಾರ. ಹಬ್ಬವಲ್ಲ, ಫಲಿತಾಂಶದ ದಿನವಲ್ಲ, ಸಾಧಾರಣ ಮಂಗಳವಾರ. ಬೆಳಗ್ಗೆ ಎಲ್ಲಿ ಏಳ್ತೀಯ? ಕೈಯಲ್ಲಿ ಏನಿರುತ್ತೆ? ಯಾರ ಜೊತೆ ಮಾತಾಡ್ತಾ ಇರ್ತೀಯ? 'ನನಗೆ ಅಂತ ಒಂದು ಮೇಜು ಇರುತ್ತೆ, ಅದರ ಮೇಲೆ ಬೇರೆ ಯಾರೂ ಸಾಮಾನು ಇಡಲ್ಲ' ಅಂತ ಒಬ್ಬಳು ಹೇಳಬಹುದು. ಆ ಮೇಜಿನ ಮೇಲೆ ಏನೇನಿದೆ ಅಂತ ಮುಂದಕ್ಕೆ ಕೇಳಿ.