ಆಬ್ಜೆಕ್ಟ್‌ಗಳಿರುವ ಕೋಡ್ ಅನ್ನು ಹಾಳೆಯ ಮೇಲೆ ಟ್ರೇಸ್ ಮಾಡುವ ಕ್ರಮ

ಲೂಪ್‌ಗಳನ್ನು ಟ್ರೇಸ್ ಮಾಡುವಾಗ, ಅಂದರೆ ಕೋಡ್ ಅನ್ನು ಸಾಲುಸಾಲಾಗಿ ಕೈಯಲ್ಲೇ ನಡೆಸಿ ನೋಡುವಾಗ, ನಾವು ಪ್ರತಿ ವೇರಿಯಬಲ್‌ಗೂ ಒಂದು ಕಾಲಂ ಎಳೆದು ಅದರ ಬೆಲೆಯನ್ನು ಬರೆಯುತ್ತಾ ಹೋಗುತ್ತೇವೆ. ಪೂರ್ಣಾಂಕಗಳಿಗೆ ಈ ಪದ್ಧತಿ ಸಾಕು, ಆದರೆ ಆಬ್ಜೆಕ್ಟ್‌ಗಳು (ಬೆಲೆಗಳನ್ನೂ ಅವುಗಳ ಮೇಲೆ ಕೆಲಸ ಮಾಡುವ ಮೆಥಡ್‌ಗಳನ್ನೂ ಒಟ್ಟಿಗೆ ಹೊಂದಿರುವ ಘಟಕಗಳು) ಬಂದೊಡನೆ ಇದೇ ಪದ್ಧತಿ ತಪ್ಪು ಉತ್ತರಕ್ಕೆ ಒಯ್ಯುತ್ತದೆ. ಏಕೆಂದರೆ ಜಾವಾದಲ್ಲಿ ಆಬ್ಜೆಕ್ಟ್ ವೇರಿಯಬಲ್‌ನ ಒಳಗೆ ಇರುವುದಿಲ್ಲ. ಅಲ್ಲಿರುವುದು ಅದರ ರೆಫರೆನ್ಸ್, ಅಂದರೆ ಆ ಆಬ್ಜೆಕ್ಟ್ ಯಾವುದೆಂದು ತೋರಿಸುವ ಗುರುತು ಮಾತ್ರ. ಆದ್ದರಿಂದ ಹಾಳೆಯನ್ನು ಎರಡು ಭಾಗ ಮಾಡಿ, ಎಡಗಡೆ ನಡೆಯುತ್ತಿರುವ ಮೆಥಡ್‌ಗಳನ್ನೂ ಅವುಗಳ ಲೋಕಲ್ ವೇರಿಯಬಲ್‌ಗಳನ್ನೂ, ಬಲಗಡೆ ಆಬ್ಜೆಕ್ಟ್‌ಗಳನ್ನೂ ಬರೆಯಬೇಕು. ಹೊಸ ಆಬ್ಜೆಕ್ಟ್ ಸೃಷ್ಟಿಸುವ ‘ನ್ಯೂ’ (new) ಎಂಬ ಪದ ಕಂಡಾಗ ಬಲಗಡೆ ಹೊಸ ಚೌಕಟ್ಟು ಎಳೆದು ಅದಕ್ಕೊಂದು ಕ್ರಮಸಂಖ್ಯೆ ಕೊಡಿ. ಬರಿಯ ಅಸೈನ್‌ಮೆಂಟ್‌ಗೆ ಹೊಸ ಚೌಕಟ್ಟು ಎಳೆಯಬೇಡಿ, ವೇರಿಯಬಲ್‌ನಿಂದ ಅದು ಸೂಚಿಸುವ ಆಬ್ಜೆಕ್ಟ್‌ಗೆ ಬಾಣ ಮಾತ್ರ ಎಳೆಯಿರಿ.

ಒಂದು ಸಣ್ಣ ಉದಾಹರಣೆ ನೋಡೋಣ. ‘ಎಣಿಕೆ’ ಎಂಬ ಕ್ಲಾಸ್‌ನಲ್ಲಿ (ಕ್ಲಾಸ್ ಎಂದರೆ ಆಬ್ಜೆಕ್ಟ್‌ಗಳ ನಕ್ಷೆ) 0ಯಿಂದ ಆರಂಭವಾಗುವ ‘ಸಂಖ್ಯೆ’ ಎಂಬ ಫೀಲ್ಡ್, ಅಂದರೆ ಆಬ್ಜೆಕ್ಟ್‌ನೊಳಗಿನ ವೇರಿಯಬಲ್, ಇದೆ, ಅದನ್ನು ಒಂದರಷ್ಟು ಏರಿಸುವ ‘ಹೆಚ್ಚಿಸು’ ಎಂಬ ಮೆಥಡ್ ಇದೆ. ‘ಕ’ಗೆ ಹೊಸ ಎಣಿಕೆ, ‘ಖ’ಗೆ ‘ಕ’, ‘ಗ’ಗೆ ಮತ್ತೊಂದು ಹೊಸ ಎಣಿಕೆ ಎಂದು ಅಸೈನ್ ಮಾಡಿ, ಮೂರರ ಮೇಲೂ ಒಂದೊಂದು ಸಲ ‘ಹೆಚ್ಚಿಸು’ ಕರೆಯಲಾಗಿದೆ. ಮೂರು ಕಾಲಂ ಎಳೆದವರಿಗೆ 1, 1, 1 ಎಂಬ ಉತ್ತರ ಬರುತ್ತದೆ. ಚೌಕಟ್ಟು ಎಳೆದವರ ಹಾಳೆಯಲ್ಲಿ ಎರಡೇ ಆಬ್ಜೆಕ್ಟ್‌ಗಳಿರುತ್ತವೆ. ‘ಕ’ ಮತ್ತು ‘ಖ’ಗಳ ಬಾಣಗಳು 1ನೇ ಆಬ್ಜೆಕ್ಟ್‌ನತ್ತ ಹೋಗುವುದರಿಂದ ಸರಿಯಾದ ಉತ್ತರ 2, 2, 1. ಹಳೆಯ ಬೆಲೆಯನ್ನು ಅಳಿಸದೆ ಅದರ ಮೇಲೊಂದು ಗೆರೆ ಎಳೆದರೆ, ಬೆಲೆ ಯಾವ ಸಾಲಿನಲ್ಲಿ ಬದಲಾಯಿತೆಂದು ಹಿಂದಕ್ಕೆ ಹೋಗಿ ನೋಡಲು ಅನುಕೂಲ.

ಆಬ್ಜೆಕ್ಟ್ ಒಂದರ ಮೇಲೆ ಮೆಥಡ್ ಕರೆದಾಗಲೆಲ್ಲ ಎಡಗಡೆ ಹೊಸ ಚೌಕಟ್ಟು ಎಳೆದು ಅದರಲ್ಲಿ ಮೊದಲು ಬರೆಯಬೇಕಾದದ್ದು ‘ದಿಸ್’ (this), ಅಂದರೆ ಮೆಥಡ್ ಯಾವುದರ ಮೇಲೆ ನಡೆಯುತ್ತಿದೆಯೋ ಅದು, ಯಾವ ಕ್ರಮಸಂಖ್ಯೆಯ ಆಬ್ಜೆಕ್ಟ್ ಎಂಬುದನ್ನು. ಇದನ್ನು ಬಿಟ್ಟರೆ ಮುಂದಿನ ಎಲ್ಲವೂ ಊಹೆಯಾಗುತ್ತದೆ. ಸ್ಟಾಟಿಕ್ ಫೀಲ್ಡ್‌ಗಳು ಇಡೀ ಕ್ಲಾಸ್‌ಗೆ ಸೇರಿದವು, ಯಾವುದೇ ಒಂದು ಆಬ್ಜೆಕ್ಟ್‌ಗೆ ಸೇರಿದವಲ್ಲವಾದ್ದರಿಂದ ಅವನ್ನು ಕ್ಲಾಸ್‌ನ ಹೆಸರಿನಡಿ ಪ್ರತ್ಯೇಕವಾಗಿ ಒಮ್ಮೆ ಮಾತ್ರ ಬರೆಯಿರಿ.

ಈ ಅಭ್ಯಾಸದ ನಿಜವಾದ ಪ್ರಯೋಜನ ತಿಳಿಯುವುದು ಇನ್‌ಹೆರಿಟೆನ್ಸ್‌ನಲ್ಲಿ, ಅಂದರೆ ಒಂದು ಕ್ಲಾಸ್‌ನ (ಸೂಪರ್‌ಕ್ಲಾಸ್) ಆಧಾರದ ಮೇಲೆ ಮತ್ತೊಂದನ್ನು (ಸಬ್‌ಕ್ಲಾಸ್) ಕಟ್ಟುವಲ್ಲಿ. ‘ಆಕೃತಿ’ ಎಂಬ ಕ್ಲಾಸ್‌ನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಸೃಷ್ಟಿಯಾಗುವಾಗ ನಡೆಯುವ ಕೋಡ್) ‘ವಿವರಿಸು’ ಎಂಬ ಮೆಥಡ್ ಅನ್ನು ಕರೆಯುತ್ತದೆ ಎಂದಿಟ್ಟುಕೊಳ್ಳಿ. ಅದರ ಸಬ್‌ಕ್ಲಾಸ್ ‘ಚೌಕ’ದಲ್ಲಿ ‘ಬದಿ’ ಎಂಬ ಸಾಮಾನ್ಯ ಫೀಲ್ಡ್‌ಗೆ 5 ಎಂಬ ಆರಂಭಿಕ ಬೆಲೆ ಕೊಟ್ಟಿದೆ, ಮತ್ತು ‘ಬದಿ’ಯನ್ನು ಪ್ರಿಂಟ್ ಮಾಡುವಂತೆ ‘ವಿವರಿಸು’ವನ್ನು ಓವರ್‌ರೈಡ್ ಮಾಡಿದೆ, ಅಂದರೆ ಅದೇ ಹೆಸರಿನಲ್ಲಿ ಹೊಸದಾಗಿ ಬರೆದಿದೆ. ಹೊಸ ಚೌಕವೊಂದನ್ನು ಸೃಷ್ಟಿಸಿದರೆ ಏನು ಪ್ರಿಂಟ್ ಆಗುತ್ತದೆ? ಕೋಡ್ ಅನ್ನು ಕಣ್ಣಿನಲ್ಲಷ್ಟೇ ಓದಿದವರು 5 ಎನ್ನುತ್ತಾರೆ, ಆದರೆ ಬರುವುದು 0. ಹಾಳೆಯ ಮೇಲೆ ಇದರ ಕಾರಣ ತಾನಾಗಿ ಕಾಣುತ್ತದೆ: ಮೊದಲು ಆಬ್ಜೆಕ್ಟ್‌ಗೆ ಜಾಗ ಸಿಕ್ಕಿ ‘ಬದಿ’ 0 ಆಗುತ್ತದೆ, ನಂತರ ‘ಆಕೃತಿ’ಯ ಕನ್‌ಸ್ಟ್ರಕ್ಟರ್ ನಡೆದು ‘ವಿವರಿಸು’ವನ್ನು ಕರೆಯುತ್ತದೆ, ‘ದಿಸ್’ ತೋರಿಸುತ್ತಿರುವುದು ಚೌಕವನ್ನೇ ಆದ್ದರಿಂದ ಚೌಕದ ‘ವಿವರಿಸು’ವೇ ನಡೆಯುತ್ತದೆ, ಆ ಹೊತ್ತಿಗೆ ಫೀಲ್ಡ್‌ನಲ್ಲಿರುವುದು 0. ಸೂಪರ್‌ಕ್ಲಾಸ್‌ನ ಕನ್‌ಸ್ಟ್ರಕ್ಟರ್ ಮುಗಿದ ಮೇಲಷ್ಟೇ ಆ 0 ಹೋಗಿ 5 ಬರುತ್ತದೆ, ಅದಾದ ಮೇಲೆ ಚೌಕದ ಕನ್‌ಸ್ಟ್ರಕ್ಟರ್‌ನ ಉಳಿದ ಸಾಲುಗಳು ನಡೆಯುತ್ತವೆ. ಕನ್‌ಸ್ಟ್ರಕ್ಟರ್‌ನಿಂದ ಓವರ್‌ರೈಡ್ ಮಾಡಬಹುದಾದ ಮೆಥಡ್ ಕರೆಯಬೇಡಿ ಎಂಬ ಸಲಹೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ 0ಯನ್ನು ಒಮ್ಮೆ ಕೈಯಾರೆ ಬರೆಯುವುದು ಹೆಚ್ಚು ಫಲಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ಕ್ರಮ ಎಲ್ಲ ಭಾಷೆಗಳಲ್ಲೂ ಇರುತ್ತದೆಂದು ಭಾವಿಸಬಾರದು. ಸಿ ಪ್ಲಸ್ ಪ್ಲಸ್‌ನಲ್ಲಿ ಬೇಸ್ ಕ್ಲಾಸ್‌ನ (ಸೂಪರ್‌ಕ್ಲಾಸ್‌ಗೆ ಅಲ್ಲಿನ ಹೆಸರು) ಕನ್‌ಸ್ಟ್ರಕ್ಟರ್ ನಡೆಯುವಾಗ ಬೇಸ್ ಕ್ಲಾಸ್‌ನ ‘ವಿವರಿಸು’ವೇ ನಡೆಯುತ್ತದೆ. ಪೈಥಾನ್‌ನಲ್ಲಿ ಸಬ್‌ಕ್ಲಾಸ್ ತನ್ನ ‘ಬದಿ’ಗೆ ಬೆಲೆ ಕೊಡುವ ಮೊದಲೇ ಸೂಪರ್‌ಕ್ಲಾಸ್‌ನ ಇನಿಟ್ (ಕನ್‌ಸ್ಟ್ರಕ್ಟರ್‌ನಂತೆ ನಡೆಯುವ ಮೆಥಡ್) ಅನ್ನು ಕರೆದಿದ್ದರೆ, ಅಂಥ ಆಟ್ರಿಬ್ಯೂಟ್ (ಫೀಲ್ಡ್) ಇನ್ನೂ ಇಲ್ಲದಿರುವುದರಿಂದ ಎರರ್ ಬರುತ್ತದೆ.

ಟ್ರೇಸ್ ಮುಗಿಸಿ ಉತ್ತರ ಬರೆದ ಮೇಲೆಯೇ ಪ್ರೋಗ್ರಾಂ ರನ್ ಮಾಡಿ. ಉತ್ತರ ಹೊಂದದಿದ್ದರೆ ‘ಆಕೃತಿ’ಯ ಕನ್‌ಸ್ಟ್ರಕ್ಟರ್‌ನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಗುರುತು) ಇಟ್ಟು, ಕೋಡ್ ಅನ್ನು ಹಂತಹಂತವಾಗಿ ನಡೆಸಿ ತೋರಿಸುವ ಡಿಬಗರ್‌ನಲ್ಲಿ ಒಂದೊಂದೇ ಹೆಜ್ಜೆ ಮುಂದುವರಿಯುತ್ತಾ, ಅದು ತೋರಿಸುವ ಬೆಲೆಗೂ ನಿಮ್ಮ ಹಾಳೆಯಲ್ಲಿರುವ ಬೆಲೆಗೂ ಮೊದಲ ಬಾರಿಗೆ ವ್ಯತ್ಯಾಸ ಬರುವ ಸಾಲನ್ನು ಗುರುತಿಸಿಕೊಳ್ಳಿ.