ಮಾತ್ರೆ ನುಂಗಿಯೇ ಬನ್ನಿ, ಡಿಸ್ಕ್ ಎಲ್ಲೂ ಓಡಿಹೋಗುವುದಿಲ್ಲ

ಮೆಕ್ಕೆಜೋಳದ ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಎಂಆರ್‌ಐ ಕೋಣೆಯ ಮುಂದೆ ಸೊಂಟನೋವಿನವರ ಸಾಲು ಬೆಳೆಯುತ್ತದೆ. ದಾವಣಗೆರೆಯಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡುವ ನನಗೆ ಇದು ವರ್ಷವರ್ಷದ ಅನುಭವ. ಈ ಸಲ ಬಂದವರಲ್ಲಿ ಎಪಿಎಂಸಿಯ ಹಮಾಲರೊಬ್ಬರಿದ್ದರು. ಮೂವತ್ತು ವರ್ಷ ಚೀಲ ಹೊತ್ತ ಬೆನ್ನು. ಎಡತೊಡೆಯಿಂದ ಹಿಮ್ಮಡಿಯವರೆಗೆ ಸೆಳೆತ. ಬೆಂಚಿನ ಮೇಲೆ ಕೂರಲಾರದೆ, ಗೋಡೆಗೆ ಕೈಕೊಟ್ಟು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು.

"ನೋವಿನ ಮಾತ್ರೆ ತಗೊಂಡಿದೀರಾ ಯಜಮಾನ್ರೇ?"

"ಇಲ್ಲವ್ವಾ, ಎರಡು ದಿನ ಆತು ಬಿಟ್ಟು. ನೋವು ತೋರ್ಸಾಕೆ ಬಂದೀನಿ. ಅದನ್ನ ಇಳಿಸ್ಕಂಡು ಬಂದ್ರೆ ಮಿಷನ್‌ಗೆ ಏನ್ ಕಾಣ್ತತಿ?"

ಮಾತ್ರೆಗಳು ಮಗನ ಅಂಗಿಯ ಜೇಬಿನಲ್ಲಿದ್ದವು. ಡಾಕ್ಟರು ಬರೆದುಕೊಟ್ಟಿದ್ದೇ. ನಿಲ್ಲಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನೋವು ಇಳಿಸಿಕೊಂಡು ಬಂದರೆ ಮಿಷನ್ನಿಗೆ ಏನೂ ಕಾಣುವುದಿಲ್ಲ ಎಂಬ ಈ ಮಾತನ್ನು ನಾನು ವಾರಕ್ಕೆ ಹತ್ತು ಬಾರಿಯಾದರೂ ಕೇಳುತ್ತೇನೆ. ಓದಿದವರಿಂದಲೂ ಕೇಳಿದ್ದೇನೆ, ಹೈಸ್ಕೂಲ್ ಮೇಷ್ಟರಿಂದಲೂ ಕೇಳಿದ್ದೇನೆ. ಆದ್ದರಿಂದ ಇವತ್ತು ಬೇರೆ ಎಲ್ಲ ಬಿಟ್ಟು ಇದೊಂದನ್ನೇ ಬಿಡಿಸಿ ಹೇಳುತ್ತೇನೆ: ಎಂಆರ್‌ಐಯಲ್ಲಿ ನೋವು ಕಾಣುವುದಿಲ್ಲ. ನೋವು ಜೋರಾಗಿದ್ದರೆ ಹೆಚ್ಚು, ಇಳಿದಿದ್ದರೆ ಕಡಿಮೆ ಎಂದು ತೋರಿಸುವ ಯಂತ್ರ ಅದಲ್ಲ. ದೇಹದ ನೀರಿನಲ್ಲಿ, ಕೊಬ್ಬಿನಲ್ಲಿ ಇರುವ ಹೈಡ್ರೋಜನ್ ಕಣಗಳು ಆಯಸ್ಕಾಂತದೊಳಗೆ ಕೊಡುವ ಸಣ್ಣ ಸಂಕೇತವನ್ನು ಅದು ಹಿಡಿಯುತ್ತದೆ, ಅಷ್ಟೇ. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವುದೇ ಡಿಸ್ಕ್. ನೀರು ತುಂಬಿದ ಒಳ್ಳೆಯ ಡಿಸ್ಕ್ ಒಂದು ಬಗೆಯ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಸವೆದು ಒಣಗಿದ್ದು ಕಪ್ಪಗೆ ಕಾಣುತ್ತದೆ. ಡಿಸ್ಕ್ ಹಿಂದಕ್ಕೆ ಉಬ್ಬಿ ನರವನ್ನು ಒತ್ತಿದ್ದರೆ ಆ ಒತ್ತು ಕಾಣುತ್ತದೆ. ನೀವು ನುಂಗುವ ಪ್ಯಾರಾಸಿಟಮಾಲ್ ಉಬ್ಬಿದ ಡಿಸ್ಕನ್ನು ಒಳಕ್ಕೆ ತಳ್ಳುವುದಿಲ್ಲ, ಒಣಗಿದ್ದಕ್ಕೆ ನೀರು ತುಂಬುವುದಿಲ್ಲ, ಗಡ್ಡೆಯನ್ನು ಬಚ್ಚಿಡುವುದಿಲ್ಲ. ನೋವಿನ ಸುದ್ದಿ ಮೆದುಳಿಗೆ ಮುಟ್ಟುವ ದಾರಿಯಲ್ಲಿ ಅದರ ಕೆಲಸ. ಸೊಂಟದಲ್ಲಿ ಏನಿದೆಯೋ ಅದು ಹಾಗೇ ಇರುತ್ತದೆ.

ಇನ್ನೂ ನಂಬಿಕೆ ಬರದಿದ್ದರೆ ಇದನ್ನು ಕೇಳಿ. 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬೆನ್ನುನೋವೇ ಇಲ್ಲದ 98 ಜನರ ಸೊಂಟದ ಎಂಆರ್‌ಐ ಮಾಡಿ ನೋಡಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಶೇಕಡಾ 52ರಷ್ಟು ಜನಕ್ಕೆ, ಒಂದಾದರೂ ಡಿಸ್ಕ್ ಉಬ್ಬಿತ್ತು. ನೋವು ಇಲ್ಲದವರಲ್ಲೇ ಉಬ್ಬು ಕಾಣುತ್ತದೆ ಎಂದಮೇಲೆ, ಮಾತ್ರೆಯಿಂದ ನೋವು ಇಳಿದ ಮಾತ್ರಕ್ಕೆ ನಿಮ್ಮ ಉಬ್ಬು ಎಲ್ಲಿ ಮಾಯವಾಗುತ್ತದೆ?

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಾಗುತ್ತದೆ. ಸಕ್ಕರೆ ಪರೀಕ್ಷೆಗೆ ಹೋಗುವಾಗ ಬೆಳಿಗ್ಗೆ ಮಾತ್ರೆ ನುಂಗದೆ, ತಿಂಡಿ ತಿನ್ನದೆ ಬನ್ನಿ ಅಂದಿರುತ್ತಾರೆ. ಅಲ್ಲಿ ಅದು ಸರಿ, ಮಾತ್ರೆ ಯಾವುದನ್ನು ಬದಲಿಸುತ್ತದೋ ಅದನ್ನೇ ಆ ಪರೀಕ್ಷೆ ಅಳೆಯುತ್ತದೆ. ಅದೇ ನಿಯಮವನ್ನು ಜನ ಎಲ್ಲ ಪರೀಕ್ಷೆಗಳಿಗೂ ಹಚ್ಚುತ್ತಾರೆ. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ನೀರು ಕುಡಿದು ಮೂತ್ರ ತಡೆದುಕೊಂಡು ಬನ್ನಿ ಅನ್ನುವುದನ್ನು ನೆನಪಿಟ್ಟವರು ಸೊಂಟದ ಎಂಆರ್‌ಐಗೂ ಎರಡು ಬಾಟಲಿ ನೀರು ಕುಡಿದು ಬರುತ್ತಾರೆ. ನೋವಿನ ಜೊತೆಗೆ ಅದನ್ನೂ ತಡೆದುಕೊಂಡು ಅರ್ಧಗಂಟೆ ಅಲ್ಲಾಡದೆ ಮಲಗುವುದು ಯಾರಿಂದ ಸಾಧ್ಯ? ಮೊದಲು ಬಚ್ಚಲಿಗೆ ಹೋಗಿ ಬನ್ನಿ ಎಂದು ನಾವೇ ಕಳಿಸುತ್ತೇವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಸ್ಟಿರಾಯ್ಡ್‌ನಂಥ ಕೆಲವು ಔಷಧಗಳು ಮೆದುಳಿನ ಕೆಲವು ಕಾಯಿಲೆಗಳಲ್ಲಿ ಚಿತ್ರವನ್ನು ಬದಲಿಸಬಲ್ಲವು. ಅಂಥ ಕಡೆ ನಿಮ್ಮ ವೈದ್ಯರೇ ಮೊದಲು ಸ್ಕ್ಯಾನ್, ಆಮೇಲೆ ಔಷಧ ಅನ್ನುತ್ತಾರೆ. ಹೊಟ್ಟೆಯ ಸ್ಕ್ಯಾನ್‌ಗೆ, ಇಲ್ಲವೇ ಅರಿವಳಿಕೆ ಕೊಡುವುದಿದ್ದರೆ, ಉಪವಾಸ ಬೇಕಾಗುತ್ತದೆ. ಬರೀ ಸೊಂಟದ, ಕುತ್ತಿಗೆಯ, ಮಂಡಿಯ ಎಂಆರ್‌ಐಗೆ ಸಾಮಾನ್ಯವಾಗಿ ಬೇಡ. ಮಾತ್ರೆಯನ್ನೂ ನಿಮ್ಮ ಡಾಕ್ಟರು ಬರೆದದ್ದನ್ನೇ ತೆಗೆದುಕೊಳ್ಳಿ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ಆಸ್ತಮಾ ಇರುವವರು, ಬಸುರಿಯರು ಅಂಗಡಿಯಿಂದ ಸಿಕ್ಕ ನೋವಿನ ಮಾತ್ರೆ ತಂದು ನುಂಗುವುದು ಅಪಾಯ. ಎಷ್ಟು ಹೊತ್ತಿಗೆ ನುಂಗಬೇಕು ಎಂದು ಕೇಳಿಕೊಳ್ಳಿ. ಪ್ಯಾರಾಸಿಟಮಾಲ್ ಹಿಡಿಯಲು ಅರ್ಧದಿಂದ ಒಂದು ಗಂಟೆ ಬೇಕು. ಒಳಗೆ ಕರೆದಾಗ ಬಾಗಿಲಲ್ಲಿ ನಿಂತು ನುಂಗಿದರೆ ಅದು ಕೆಲಸ ಶುರು ಮಾಡುವಷ್ಟರಲ್ಲಿ ನಮ್ಮ ಕೆಲಸ ಮುಗಿದಿರುತ್ತದೆ.

ಹಮಾಲರ ವಿಷಯಕ್ಕೆ ಬರುತ್ತೇನೆ. ಮಂಡಿಯ ಕೆಳಗೆ ದಿಂಬು ಕೊಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ ಮಲಗಿಸಿದೆವು. ಚಿತ್ರ ತೆಗೆಯುವ ಮೊದಲ ಸುತ್ತಿನ ಮೂರನೇ ನಿಮಿಷ. ಗಾಜಿನ ಆಚೆಯಿಂದ ನನಗೆ ಕಾಣುವುದು ಪಾದಗಳು ಮಾತ್ರ. ಎಡಗಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆಯಿತು, ಹಿಮ್ಮಡಿ ಹಾಸಿಗೆಯ ಮೇಲೆ ಒಂದು ಅಂಗುಲ ಜಾರಿತು, ಮತ್ತೆ ಮೆಲ್ಲಗೆ ಮೊದಲಿನ ಜಾಗಕ್ಕೆ ಬಂತು. ಯಾರೂ ನೋಡಲಿಲ್ಲ ಅಂದುಕೊಂಡಿರಬೇಕು. ಪರದೆಯ ಮೇಲೆ ಬಂದ ಚಿತ್ರ ಎರಡು ಸಲ ಅಚ್ಚಾದ ಲಗ್ನಪತ್ರಿಕೆಯ ಹಾಗಿತ್ತು. ಪ್ರತಿ ಮೂಳೆಯ ಪಕ್ಕದಲ್ಲೂ ಅದರದೇ ಮಸುಕು ನೆರಳು.

"ಒಂದೇ ಸಲ ಅಲ್ಲಾಡಿದ್ದು ಮೇಡಂ, ಅಷ್ಟಕ್ಕೇ ಹೀಗಾಗುತ್ತಾ?" ಎಂದು ಮಗ ಕೇಳಿದ. ಎಲ್ಲರೂ ಕೇಳುವುದೇ ಇದು. ಚಳ್ಳಕೆರೆಯ ಕಂಬಳಿ ನೇಯುವಾಗ ಒಂದು ಎಳೆ ತಪ್ಪಿದರೆ ಆ ಸಾಲು ಮಾತ್ರ ಕೆಡುತ್ತದೆ, ಮಿಕ್ಕ ಕಂಬಳಿ ಚೆನ್ನಾಗಿರುತ್ತದೆ. ಎಂಆರ್‌ಐ ಹಾಗಲ್ಲ. ಮೂರು ನಾಲ್ಕು ನಿಮಿಷದ ಒಂದು ಸುತ್ತಿನಲ್ಲಿ ಯಂತ್ರ ಮಾಹಿತಿಯನ್ನು ಸಾಲುಸಾಲಾಗಿ ಸಂಗ್ರಹಿಸುತ್ತದೆ, ಆದರೆ ಪ್ರತಿ ಸಾಲಿನಲ್ಲೂ ಇಡೀ ಚಿತ್ರದ ಪಾಲು ಇರುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ. ಯಾವ ಮೂಲೆಯಲ್ಲಿ ಹಾಕಿದರೂ ಇಡೀ ಪಾತ್ರೆಗೆ ಹರಡುತ್ತದೆ, ಉಪ್ಪಾದ ಸೌಟನ್ನು ಮಾತ್ರ ತೆಗೆದು ಚೆಲ್ಲಲು ಬರುವುದಿಲ್ಲ. ಮೂರನೇ ನಿಮಿಷದಲ್ಲಿ ಕದಲಿದರೆ ಮೊದಲ ಎರಡು ನಿಮಿಷ ಕಲ್ಲಿನಂತೆ ಮಲಗಿದ್ದೂ ವ್ಯರ್ಥ. ಆ ಸುತ್ತನ್ನು ಮತ್ತೆ ಮೊದಲಿನಿಂದ ತೆಗೆಯಬೇಕು. ನೋವಿದ್ದವರಿಗೆ ಅದು ಇನ್ನೂ ನಾಲ್ಕು ನಿಮಿಷದ ನೋವು. ಎರಡನೇ ಸಲ ಇನ್ನೂ ಬೇಗ ಕದಲುತ್ತಾರೆ.

ಅವರೂ ಹಾಗೇ ಮಾಡಿದರು. ಹೊರಗೆ ತೆಗೆದು, ಕಳಿಸಿದ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಹೇಳಿದಂತೆ ಇಂಜೆಕ್ಷನ್ ಆಯಿತು. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಮಲಗಿಸಿದಾಗ ಆ ಗದ್ದಲದಲ್ಲೂ ಗೊರಕೆ ಹೊಡೆದರು. ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲವಂತೆ. ಬೆಳಿಗ್ಗೆ ಒಂಬತ್ತಕ್ಕೆ ಮುಗಿಯಬೇಕಾದದ್ದು ಹನ್ನೊಂದೂವರೆಗೆ ಮುಗಿಯಿತು, ಅವರ ಹಿಂದಿನ ನಾಲ್ವರು ಕಾದರು. ನನಗೆ ಬೇಸರವಾದದ್ದು ಆ ಹೊತ್ತಿನ ಬಗ್ಗೆ ಅಲ್ಲ. ಆ ಎರಡು ದಿನ ಅವರು ಸುಮ್ಮನೆ ಅನುಭವಿಸಿದರಲ್ಲ, ಅದಕ್ಕೆ.

ಇನ್ನೊಂದು ಬಗೆಯವರಿದ್ದಾರೆ, ನೋವು ಹೇಳಿಕೊಂಡರೆ ಬೇರೆಯವರಿಗೆ ತೊಂದರೆ ಎಂದು ಹೇಳದೇ ಇರುವವರು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಾಯಿ ಭುಜದ ಸ್ಕ್ಯಾನ್‌ಗೆ ಬಂದಿದ್ದರು. ಬಿಸಿ ಮರಳಿನಲ್ಲಿ ಮಂಡಕ್ಕಿ ಹುರಿದು ಹುರಿದು ಬಲಭುಜ ಹಿಡಿದುಹೋಗಿತ್ತು. ಅವರ ಎಡಗೈಯಲ್ಲಿ ರಬ್ಬರಿನ ಬಲ್ಬ್ ಇಟ್ಟು, ತಡೆಯಲಾಗದಿದ್ದರೆ ಒತ್ತಿ, ಬಂದುಬಿಡುತ್ತೇನೆ ಎಂದಿದ್ದೆ. ಒತ್ತಲಿಲ್ಲ. ಮೂರು ಸುತ್ತು ಚೆನ್ನಾಗಿ ಬಂತು, ನಾಲ್ಕನೆಯದು ಪೂರ್ತಿ ಕೆಟ್ಟಿತು. ಹೊರಗೆಳೆದು ನೋಡಿದರೆ ಕಣ್ಣೀರು ಎರಡೂ ಕಡೆ ಕೆನ್ನೆಯ ಮೇಲಿಂದ ಹರಿದು ಕಿವಿಗೆ ಇಳಿದು, ಕಿವಿಯಲ್ಲಿಟ್ಟ ಸ್ಪಂಜು ಒದ್ದೆಯಾಗಿತ್ತು. "ಯಾಕವ್ವಾ ಒತ್ತಲಿಲ್ಲ?" ಎಂದರೆ, "ಹೊರಗಡೆ ಅಷ್ಟು ಜನ ಕಾಯ್ತಾ ಅದಾರೆ, ನನ್ನಿಂದ ಯಾಕೆ ತಡ" ಅಂದರು. ಮೊಣಕೈ ಕೆಳಗೆ ಮಡಿಸಿದ ಒಂದು ಟವೆಲ್ ಇಟ್ಟೆವು. ಅಷ್ಟೇ ಬೇಕಾಗಿದ್ದದ್ದು. ಮೊದಲೇ ಬಾಯಿಬಿಟ್ಟಿದ್ದರೆ ಅಳುವ ಪ್ರಮೇಯವೇ ಇರಲಿಲ್ಲ.

ಆದ್ದರಿಂದ ಮಲಗುವ ಮೊದಲೇ ಹೇಳಿ. ಎಲ್ಲಿ ನೋವು, ಹೇಗೆ ಮಲಗಿದರೆ ಕಡಿಮೆ, ಎಷ್ಟು ಹೊತ್ತು ತಡೆಯಬಲ್ಲಿರಿ. ಅಂಗಾತ ಮಲಗಲು ಆಗುವುದೇ ಇಲ್ಲ ಎಂದರೆ ಕೆಲವರಿಗೆ ಮಗ್ಗುಲಾಗಿ ಮಲಗಿಸಿಯೂ ತೆಗೆಯುತ್ತೇವೆ, ಚಿತ್ರ ಸ್ವಲ್ಪ ಕಡಿಮೆ ಚೆನ್ನಾಗಿ ಬರಬಹುದು, ಕೆಲಸಕ್ಕೆ ಬರುತ್ತದೆ. ತಡೆಯುವುದು ಹತ್ತೇ ನಿಮಿಷ ಎಂದು ಗೊತ್ತಾದರೆ ಡಾಕ್ಟರಿಗೆ ತೀರಾ ಬೇಕಾದ ಸುತ್ತನ್ನು ಮೊದಲು ತೆಗೆದುಬಿಡುತ್ತೇವೆ.

ಅಲ್ಲಾಡಬೇಡಿ ಎಂದರೆ ಮೈ ಬಿಗಿಹಿಡಿಯಿರಿ ಎಂದಲ್ಲ. ಇದನ್ನೂ ಬಹಳ ಜನ ತಪ್ಪು ತಿಳಿಯುತ್ತಾರೆ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಉಸಿರು ಕಟ್ಟಿ ಮಲಗುತ್ತಾರೆ. ಕಟ್ಟಿದ ಉಸಿರು ಬಿಡುವಾಗ ಇಡೀ ಮೈ ಕುಲುಕುತ್ತದೆ. ಸೊಂಟದ ಸ್ಕ್ಯಾನ್‌ಗೆ ಉಸಿರು ಕಟ್ಟುವುದು ಬೇಕಿಲ್ಲ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಬೇಕಾದಾಗ ನಾವೇ ಹೆಡ್‌ಫೋನಿನಲ್ಲಿ ಹೇಳುತ್ತೇವೆ, ಅದೂ ಹದಿನೈದು ಇಪ್ಪತ್ತು ಸೆಕೆಂಡು. ಮಿಕ್ಕಂತೆ ಮೆಲ್ಲಗೆ ಎಳೆದುಕೊಂಡು ಅದಕ್ಕಿಂತ ಮೆಲ್ಲಗೆ ಬಿಡಿ. ಬಿಡುವಾಗ ಭುಜ, ದವಡೆ, ಅಂಗೈ ಸಡಿಲವಾಗಲಿ. ನೋವಿನ ಅಲೆ ಬಂದಾಗ ಅದನ್ನು ಬಿಟ್ಟು ಬೇರೆ ಕಡೆ ಮನಸ್ಸು ಇಡಿ. ಕೆಲವರು ಯಂತ್ರದ ಬಡಿತ ಎಣಿಸುತ್ತಾರೆ. ಜಗಳೂರಿನ ಒಬ್ಬರು ತಮ್ಮ ಊರಿನಿಂದ ದಾವಣಗೆರೆವರೆಗಿನ ಹಳ್ಳಿಗಳ ಹೆಸರನ್ನು ಒಂದೊಂದಾಗಿ ನೆನೆಯುತ್ತಾ ಬಂದೆ ಎಂದಿದ್ದರು. ಅವರ ಚಿತ್ರಗಳು ಅಷ್ಟು ಸ್ಪಷ್ಟವಾಗಿ ಬಂದಿದ್ದವು.

ಶಬ್ದ ನಿಂತಾಗ ಮುಗಿಯಿತು ಎಂದು ಸೊಂಟ ಸರಿಸಬೇಡಿ. ಮುಂದಿನ ಸುತ್ತಿನ ಜಾಗವನ್ನು ನಾವು ಹಿಂದಿನ ಚಿತ್ರದ ಮೇಲೆ ಗೆರೆ ಎಳೆದು ಗುರುತಿಸಿರುತ್ತೇವೆ, ನೀವು ಸರಿದರೆ ಗೆರೆ ಬೇರೆ ಕಡೆ ಬೀಳುತ್ತದೆ. ಆ ಬಿಡುವಿನಲ್ಲಿ ಉಗುಳು ನುಂಗಿ, ಕೆಮ್ಮುವುದಿದ್ದರೆ ಕೆಮ್ಮಿ, ಬೆರಳು ಆಡಿಸಿ, ಸಾಕು. ಜಾಗ ಬದಲಿಸಲೇಬೇಕಾದರೆ ಹೇಳಿ ಬದಲಿಸಿ, ನಾವು ಗೆರೆ ಮತ್ತೆ ಎಳೆಯುತ್ತೇವೆ.

ಅರ್ಧಗಂಟೆ ಬಹಳವಾಯಿತು ಎನ್ನುವವರಿಗೆ ನಾನು 1977ರ ಜುಲೈ 3ರ ಕಥೆ ಹೇಳುವುದುಂಟು. ಅಮೆರಿಕದಲ್ಲಿ ರೇಮಂಡ್ ಡಮಾಡಿಯನ್ ಮತ್ತು ಸಂಗಡಿಗರು ಮೊದಲ ಬಾರಿಗೆ ಬದುಕಿರುವ ಮನುಷ್ಯನ ಮೈಯ ಎಂಆರ್‌ಐ ತೆಗೆದ ದಿನ ಅದು. ಎದೆಯ ಒಂದೇ ಒಂದು ಅಡ್ಡಸೀಳು ಚಿತ್ರಕ್ಕೆ ನಾಲ್ಕು ಗಂಟೆ ನಲವತ್ತೈದು ನಿಮಿಷ ಹಿಡಿದಿತ್ತು. ಒಳಗಿದ್ದದ್ದು ಅವರ ಜೊತೆ ಕೆಲಸ ಮಾಡುತ್ತಿದ್ದ ತೆಳ್ಳಗಿನ ಹುಡುಗ, ಲ್ಯಾರಿ ಮಿಂಕಾಫ್. ಪಾಪ, ಅವನಿಗೆ ಸೊಂಟನೋವು ಇರಲಿಲ್ಲ ಎಂದು ಒಬ್ಬ ಅಜ್ಜಿ ಸರಿಯಾಗಿ ಹೇಳಿದರು. ಹೌದು, ನೋವಿದ್ದವರ ಅರ್ಧಗಂಟೆ ಬೇರೆಯೇ.

ಬರುವಾಗ ಮಾತ್ರೆಯ ಚೀಟಿ, ಹಳೆಯ ರಿಪೋರ್ಟುಗಳು, ಜೊತೆಗೊಬ್ಬರು ಇರಲಿ. ತಾಳಿ, ಕಾಲುಂಗುರ, ಬೆಳ್ಳಿಯ ಉಡಿದಾರ ಮನೆಯಲ್ಲೇ ತೆಗೆದಿಟ್ಟು ಬಂದರೆ ಒಳ್ಳೆಯದು. ನೋವಿಗೆ ಅಂಟಿಸಿದ ಪಟ್ಟಿ ಇದ್ದರೆ ತೋರಿಸಿ, ಕೆಲವದರಲ್ಲಿ ಲೋಹದ ಪದರ ಇದ್ದು ಚರ್ಮ ಸುಡಬಹುದು. ಪೇಸ್‌ಮೇಕರ್, ಮೈಯೊಳಗೆ ರಾಡು, ಕ್ಲಿಪ್ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ. ನಿದ್ದೆ ಬರುವಂಥ ಇಂಜೆಕ್ಷನ್ ಆದ ದಿನ ಬೈಕ್ ಓಡಿಸಬೇಡಿ. ದೂರದ ಊರಿನವರು ವಾಪಸ್ ಬಸ್ಸಿನಲ್ಲಿ ಕೂತಾಗ ಮಾತ್ರೆಯ ಬಲ ಇಳಿದಿರುತ್ತದೆ. ಮುಂದಿನದನ್ನು ಯಾವಾಗ ನುಂಗಬಹುದು ಎಂದು ಕೇಳಿಕೊಂಡೇ ಹೊರಡಿ, ಹಿಂದಿನ ಸೀಟು ಬಿಟ್ಟು ನಡುವಿನ ಸೀಟು ಹಿಡಿಯಿರಿ.